ಹುಟ್ಟಿದ ಕೂಡಲೇ ಅಳದ ಕೂಸು

ಎಂಟು ತಿಂಗಳಾದರೂ ಮಗುವಿನ ಕುತ್ತಿಗೆ ನಿಂತಿಲ್ಲ, ಅಥವಾ ಜ್ವರವಿಲ್ಲದೆಯೂ ಮತ್ತೆ ಮತ್ತೆ ಫಿಟ್ಸ್ ಬರುತ್ತಿದೆ. ತಾಯಿ ಮಕ್ಕಳ ಡಾಕ್ಟರ ಮುಂದೆ ಕೂತಾಗ ಅವರು ತಪ್ಪದೆ ಕೇಳುವ ಪ್ರಶ್ನೆ ಒಂದಿದೆ: ‘ಹುಟ್ಟಿದ ಕೂಡ್ಲೆ ಅತ್ತಿತ್ತೇನು ಕೂಸು?’ ವಿಜಯಪುರ ಜಿಲ್ಲೆಯ ಕೊಲ್ಹಾರ, ಬಸವನ ಬಾಗೇವಾಡಿ, ಮುದ್ದೇಬಿಹಾಳದ ಕಡೆ ಇದಕ್ಕೆ ಉತ್ತರ ಸಿಗುವುದು ಸುಲಭವಲ್ಲ. ಚೊಚ್ಚಲ ಹೆರಿಗೆ ತವರಿನ ಕಡೆಯ ಆಸ್ಪತ್ರೆಯಲ್ಲಿ ಆಗಿರುತ್ತದೆ. ಆ ಹೊತ್ತು ಬಾಗಿಲಲ್ಲಿ ನಿಂತಿದ್ದವಳು ಅವ್ವ, ಇವತ್ತು ಜೊತೆಗೆ ಬಂದವಳು ಅತ್ತೆ. ‘ಸ್ವಲ್ಪ ತಡಾ ಮಾಡಿ ಅತ್ತತಂತ್ರಿ’ ಎನ್ನುವಷ್ಟಕ್ಕೆ ಮಾಹಿತಿ ಮುಗಿಯುತ್ತದೆ. ಹಿಂದೆಯೇ ತಾಯಿಯ ಮರುಪ್ರಶ್ನೆ: ಅಳೂದಕ್ಕೂ ಬುದ್ಧಿ ಬೆಳಿಯೂದಕ್ಕೂ ಏನ್ರಿ ಸಂಬಂಧ?

ಸಂಬಂಧವಿದೆ ಎಂದು ಮೊದಲು ಗಟ್ಟಿಯಾಗಿ ಹೇಳಿದವರು ಲಂಡನ್ನಿನ ವೈದ್ಯ ವಿಲಿಯಂ ಜಾನ್ ಲಿಟಲ್. ಕಷ್ಟದ ಹೆರಿಗೆ ಮತ್ತು ಹುಟ್ಟುವಾಗ ಉಸಿರುಗಟ್ಟುವುದೇ ಮಕ್ಕಳ ಕೈಕಾಲು ಬಿಗಿಯುವುದಕ್ಕೆ ಕಾರಣವೆಂದು ಅವರು 1861ರಲ್ಲಿ ಅಲ್ಲಿನ ಪ್ರಸೂತಿ ವೈದ್ಯರ ಸಭೆಯ ಮುಂದೆ ವಾದಿಸಿದರು. ಅದನ್ನು ಪ್ರಶ್ನಿಸಿದವರು ಸಿಗ್ಮಂಡ್ ಫ್ರಾಯ್ಡ್. ಮನೋವಿಶ್ಲೇಷಣೆಗೆ ಹೆಸರಾಗುವ ಮುನ್ನ ಅವರು ನರರೋಗ ತಜ್ಞರು. ಕಷ್ಟದ ಹೆರಿಗೆಯೇ ಕೆಲವೊಮ್ಮೆ ಗರ್ಭದಲ್ಲಿ ಮೊದಲೇ ಆಗಿಹೋದ ತೊಂದರೆಯ ಲಕ್ಷಣವಿರಬಹುದಲ್ಲವೇ ಎಂಬುದು 1897ರಲ್ಲಿ ಅವರ ವಾದ. ಇಬ್ಬರ ಮಾತಿನಲ್ಲೂ ಹುರುಳಿತ್ತು. ಅವಧಿಗೆ ಮುನ್ನ ಹುಟ್ಟುವುದು, ಸೋಂಕು, ವಿಪರೀತ ಕಾಮಾಲೆ, ವಂಶವಾಹಿಯ ದೋಷ, ಇವೆಲ್ಲವೂ ಹೀಗೆ ಕೈಕಾಲು ಬಿಗಿಯುವ ಸೆರೆಬ್ರಲ್ ಪಾಲ್ಸಿಗೆ ದಾರಿಯಾಗಬಲ್ಲವು. ತಡವಾಗಿ ಅತ್ತ ಮಕ್ಕಳಲ್ಲಿ ಬಹುಪಾಲು ಚೆನ್ನಾಗಿಯೇ ಬೆಳೆಯುತ್ತವೆ ಎಂಬುದನ್ನೂ ಇಲ್ಲೇ ಹೇಳಬೇಕು. ಈ ಒಂದು ಮಾತು ಗೊತ್ತಿಲ್ಲದೆ ಎಷ್ಟೋ ಬಾಣಂತಿಯರು ತಿಂಗಳುಗಟ್ಟಲೆ ಅಂಜಿಕೆಯಲ್ಲೇ ಕಳೆಯುತ್ತಾರೆ.

ಉಸಿರುಗಟ್ಟಿದಾಗ ಮಿದುಳಿನೊಳಗೆ ಏನಾಗುತ್ತದೆ ಎಂಬುದು ಕೃಷ್ಣೆಯ ದಂಡೆಯ ರೈತರಿಗೆ ಬೇಗ ಅರ್ಥವಾಗುವ ಸಂಗತಿ. ಹೊಳೆಗೆ ಇಳಿಸಿದ ಪಂಪ್‌ಸೆಟ್ಟಿನ ಮೋಟರು ಕರೆಂಟು ಹೋದಾಗ ಸುಡುವುದಿಲ್ಲ, ಸುಮ್ಮನೆ ನಿಲ್ಲುತ್ತದೆ. ಸುಡುವುದು ಕರೆಂಟು ಮರಳಿ ಬಂದ ಮೇಲೆ. ವೋಲ್ಟೇಜ್ ಕುಸಿದಿರುತ್ತದೆ, ಇಲ್ಲವೇ ಮೂರರಲ್ಲಿ ಒಂದು ಫೇಸ್ ಬಂದಿರುವುದಿಲ್ಲ. ಮೋಟರು ಗುಂಯ್‌ಗುಡುತ್ತಾ ಕಾಯುತ್ತದೆ, ಸ್ವಲ್ಪ ಹೊತ್ತಿಗೆ ಕಾಯಿಲ್ ಕರಕಲಾಗುತ್ತದೆ. ಅದಕ್ಕೇ ತಿಳಿದವರು ಕರೆಂಟು ಬಂದೊಡನೆ ಸ್ವಿಚ್ ಒತ್ತುವುದಿಲ್ಲ, ಮೂರೂ ದೀಪ ಸರಿಯಾಗಿ ಉರಿಯುವವರೆಗೆ ಕಾಯುತ್ತಾರೆ.

ಕೂಸಿನ ಮಿದುಳಿನ ಜೀವಕೋಶದಲ್ಲೂ ಎರಡು ಪೆಟ್ಟುಗಳಿವೆ. ಆಮ್ಲಜನಕ ನಿಂತಾಗ ಕೋಶದ ಶಕ್ತಿ ಬರಿದಾಗುವುದು ಮೊದಲನೆಯದು. ಉಸಿರು ಮರಳಿದ ಮೇಲೆ ಶಕ್ತಿಯ ಮಟ್ಟವೂ ಹೆಚ್ಚುಕಡಿಮೆ ಸರಿಹೋಗುತ್ತದೆ, ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ಕೆಲವು ಗಂಟೆಗಳ ನಂತರ ಅದು ಮತ್ತೆ ಕುಸಿಯುತ್ತದೆ, ಈ ಸಲ ಕೋಶಗಳು ಸಾಯುತ್ತವೆ. 1980ರ ದಶಕದಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಆಸ್ಮಂಡ್ ರೆನಾಲ್ಡ್ಸ್ ಮತ್ತು ಸಂಗಡಿಗರು ನವಜಾತ ಶಿಶುಗಳನ್ನು ಕಾಂತೀಯ ಅನುರಣನದ ಯಂತ್ರದಲ್ಲಿ ಮಲಗಿಸಿ, ಮಿದುಳಿನ ರಂಜಕ ಸಂಯುಕ್ತಗಳನ್ನು ಅಳೆದು ಈ ಎರಡನೆಯ ಕುಸಿತವನ್ನು ತೋರಿಸಿದರು. ಮರಳಿ ಬಂದ ಆಮ್ಲಜನಕದಿಂದ ಹುಟ್ಟುವ ಉಗ್ರ ಅಣುಗಳು, ಕೋಶದೊಳಗೆ ನುಗ್ಗುವ ಕ್ಯಾಲ್ಸಿಯಂ, ಮಿತಿಮೀರಿ ಸುರಿಯುವ ಗ್ಲುಟಮೇಟ್ ಎಂಬ ನರರಾಸಾಯನಿಕ ಒಟ್ಟಾಗಿ ಈ ಹಾನಿ ಮಾಡುತ್ತವೆ. ಎರಡು ಪೆಟ್ಟುಗಳ ನಡುವಿನ ಸುಮಾರು ಆರು ಗಂಟೆ ವೈದ್ಯರ ಪಾಲಿಗೆ ಸಿಕ್ಕ ಅವಕಾಶ.

ಇದರಿಂದ ಬಂದ ಮೊದಲ ಪಾಠ ಆಮ್ಲಜನಕದ್ದೇ. ಅಳದ ಮಗುವಿಗೆ ನೂರಕ್ಕೆ ನೂರು ಆಮ್ಲಜನಕ ಕೊಡಬೇಕೆಂದು ದಶಕಗಳ ಕಾಲ ಪಠ್ಯಪುಸ್ತಕಗಳು ಹೇಳುತ್ತಿದ್ದವು. ಅದು ಸರಿಯೇ ಎಂದು ಕೇಳಿದವರು ನಾರ್ವೆಯ ಓಲಾ ಸೌಗ್‌ಸ್ಟಾಡ್ ಮತ್ತು ದೆಹಲಿಯ ಮೌಲಾನಾ ಆಜಾದ್ ವೈದ್ಯಕೀಯ ಕಾಲೇಜಿನ ಸಿದ್ಧಾರ್ಥ ರಾಮ್‌ಜಿ. ಬರಿ ಗಾಳಿಯೇ ಸಾಕೇ ಎಂದು ರಾಮ್‌ಜಿ ತಂಡ 84 ಮಕ್ಕಳಲ್ಲಿ ಪರೀಕ್ಷಿಸಿ 1993ರಲ್ಲಿ ವರದಿ ಪ್ರಕಟಿಸಿತು. 1998ರ ಹೊತ್ತಿಗೆ ಹಲವು ದೇಶಗಳ 609 ಮಕ್ಕಳ ದೊಡ್ಡ ಅಧ್ಯಯನ ಹೊರಬಂತು. ಕೋಣೆಯ ಸಾಮಾನ್ಯ ಗಾಳಿಯನ್ನೇ ಒತ್ತಿದ ಮಕ್ಕಳು ಯಾವುದರಲ್ಲೂ ಹಿಂದೆ ಬೀಳಲಿಲ್ಲ, ಮೊದಲ ಉಸಿರನ್ನು ತುಸು ಬೇಗನೇ ಎಳೆದರು. 2010ರಲ್ಲಿ ಅಂತರರಾಷ್ಟ್ರೀಯ ಮಾರ್ಗಸೂಚಿ ಬದಲಾಯಿತು: ತಿಂಗಳು ತುಂಬಿದ ಮಗುವಿಗೆ ಗಾಳಿಯಿಂದಲೇ ಶುರುಮಾಡಿ. ಸಿಲಿಂಡರ್ ಖಾಲಿಯಾದ ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸಿಗೆ ಇದಕ್ಕಿಂತ ದೊಡ್ಡ ಬಲ ಬೇರೆ ಇಲ್ಲ. ಒಂದು ಚೀಲ, ಮೂಗು ಬಾಯಿ ಮುಚ್ಚುವ ಒಂದು ಮಾಸ್ಕು, ಕಲಿತ ಕೈ, ಇಷ್ಟಿದ್ದರೆ ಕೆಲಸ ಶುರು.

ಎರಡನೆಯ ಪಾಠ ತಂಪಿನದು, ಅದರ ಕಥೆ ಇಷ್ಟು ನೇರವಾಗಿಲ್ಲ. ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಅಲಿಸ್ಟೇರ್ ಗನ್ ಮತ್ತು ಪೀಟರ್ ಗ್ಲಕ್‌ಮನ್ 1990ರ ದಶಕದಲ್ಲಿ ಗರ್ಭದಲ್ಲಿರುವ ಕುರಿಮರಿಗಳ ತಲೆಯನ್ನು ತಂಪಾಗಿಸಿ, ಎರಡನೆಯ ಪೆಟ್ಟು ತಗ್ಗುವುದನ್ನು ಕಂಡರು. ಅಮೆರಿಕದಲ್ಲಿ ಡೆಟ್ರಾಯಿಟಿನ ಸೀತಾ ಶಂಕರನ್ ಮುಂದಾಳುತನದಲ್ಲಿ 208 ಶಿಶುಗಳ ಅಧ್ಯಯನ ನಡೆಯಿತು. ಹುಟ್ಟಿದ ಆರು ಗಂಟೆಯೊಳಗೆ ಆರಂಭಿಸಿ 72 ಗಂಟೆ ಮೈಯ ಉಷ್ಣತೆಯನ್ನು 33.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟಾಗ, ಸಾವು ಅಥವಾ ವೈಕಲ್ಯ ಶೇ 62ರಿಂದ ಶೇ 44ಕ್ಕೆ ಇಳಿಯಿತು. 2005ರಲ್ಲಿ ಈ ಫಲಿತಾಂಶ ಪ್ರಕಟವಾದ ಮೇಲೆ ಶ್ರೀಮಂತ ದೇಶಗಳಲ್ಲಿ ಶಿಶುವನ್ನು ತಂಪಿಡುವುದು ಸಾಮಾನ್ಯ ಚಿಕಿತ್ಸೆಯಾಯಿತು. ಭಾರತದ ದೊಡ್ಡ ಊರುಗಳ ಆಸ್ಪತ್ರೆಗಳಿಗೂ ಅದು ಬಂತು: ಕೆಲವೆಡೆ ಯಂತ್ರ, ಕೆಲವೆಡೆ ಬರಿ ಜೆಲ್ ಪ್ಯಾಕು.

ಆದರೆ ನಮ್ಮ ಮಕ್ಕಳಿಗೂ ಇದು ಒಗ್ಗುತ್ತದೆಯೇ? ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಸುಧಿನ್ ತಯ್ಯಿಲ್ ಅವರ ನೇತೃತ್ವದ ‘ಹೀಲಿಕ್ಸ್’ ಅಧ್ಯಯನ ಈ ಪ್ರಶ್ನೆಯನ್ನೇ ಎತ್ತಿಕೊಂಡಿತು. 2015ರಿಂದ 2019ರವರೆಗೆ ಭಾರತ, ಶ್ರೀಲಂಕಾ, ಬಾಂಗ್ಲಾದೇಶದ ಏಳು ಆಸ್ಪತ್ರೆಗಳಲ್ಲಿ 408 ಶಿಶುಗಳು ಸೇರಿದವು. ಬೆಂಗಳೂರು ವೈದ್ಯಕೀಯ ಕಾಲೇಜು ಮತ್ತು ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಅವುಗಳಲ್ಲಿದ್ದವು. 2021ರಲ್ಲಿ ಫಲಿತಾಂಶ ಬಂದಾಗ ಹಲವರು ನಂಬಲಿಲ್ಲ. ಸಾವು ಅಥವಾ ಮಧ್ಯಮದಿಂದ ತೀವ್ರ ಮಟ್ಟದ ವೈಕಲ್ಯ ತಂಪಿಟ್ಟ ಗುಂಪಿನಲ್ಲಿ ಶೇ 50, ಇಡದ ಗುಂಪಿನಲ್ಲಿ ಶೇ 47. ಬರಿಯ ಸಾವನ್ನೇ ನೋಡಿದರೆ ಶೇ 42 ಮತ್ತು ಶೇ 31. ಅಂದರೆ ತಂಪಿಟ್ಟ ಮಕ್ಕಳೇ ಹೆಚ್ಚು ಸತ್ತರು.

ಕಾರಣವನ್ನು ಮಿದುಳಿನ ಸ್ಕ್ಯಾನುಗಳಲ್ಲಿ ಹುಡುಕಿದ್ದಾರೆ. ಹೆರಿಗೆಯ ಕೊನೆಯ ಗಳಿಗೆಯಲ್ಲಿ ಹಠಾತ್ತನೆ ಆಮ್ಲಜನಕ ನಿಂತರೆ ಮಿದುಳಿನ ಆಳದ ಭಾಗಗಳಿಗೆ ಪೆಟ್ಟು ಬೀಳುತ್ತದೆ. ಇಲ್ಲಿನ ಹೆಚ್ಚಿನ ಮಕ್ಕಳಲ್ಲಿ ಕಂಡದ್ದು ಬಿಳಿದ್ರವ್ಯದ ಹಾನಿ. ಪೆಟ್ಟು ಒಂದೇ ಸಲ ಬೀಳದೆ, ದೀರ್ಘ ನೋವಿನ ಉದ್ದಕ್ಕೂ ಸ್ವಲ್ಪ ಸ್ವಲ್ಪವಾಗಿ ಬಿದ್ದಿರುವುದರ ಸೂಚನೆ ಅದು. ಹಾಗಿದ್ದರೆ ಹುಟ್ಟಿದ ಮೇಲಿನ ಆರು ಗಂಟೆಯ ಅವಕಾಶ ಮಗು ಹುಟ್ಟುವ ಮುಂಚೆಯೇ ಕಳೆದುಹೋಗಿರುತ್ತದೆ. ಈ ಫಲಿತಾಂಶವನ್ನು ಒಪ್ಪದ ವೈದ್ಯರು ಇದ್ದಾರೆ, ಚರ್ಚೆ ಇರಲಿ. ಆದರೆ ‘ಕೂಲಿಂಗ್ ಸೌಲಭ್ಯವಿದೆ’ ಎಂಬ ಫಲಕ ನೋಡಿ ಹೊಲ ಒತ್ತೆಯಿಟ್ಟು ಹಣ ಹೊಂದಿಸುವ ಕುಟುಂಬಕ್ಕೆ ಸಾವಿನ ಆ ಎರಡು ಅಂಕಿಗಳನ್ನು ಮೊದಲೇ ಹೇಳಬೇಕಾದ್ದು ನ್ಯಾಯ. ಯಂತ್ರದ ಮೇಲೆ ಇಟ್ಟ ಆಸೆಯ ಅರ್ಧವನ್ನಾದರೂ ಹೆರಿಗೆ ನೋವಿನ ಹೊತ್ತಿನಲ್ಲಿ ಕೂಸಿನ ಎದೆಬಡಿತವನ್ನು ಬಿಡದೆ ಆಲಿಸುವ ಕೆಲಸದ ಮೇಲೆ ಇಡಬೇಕು. ಕೊಲ್ಹಾರದಿಂದ ವಿಜಯಪುರಕ್ಕೆ ಒಂದು ತಾಸಿನ ದಾರಿ. ಆ ದಾರಿ ಹಿಡಿಯುವ ನಿರ್ಧಾರ ಯಾವಾಗ ಆಗುತ್ತದೆ ಎನ್ನುವುದು ಬಹಳ ಮುಖ್ಯ.

ಉತ್ತರ ಕರ್ನಾಟಕದ ಮಟ್ಟಿಗೆ ಹೆಚ್ಚು ಭರವಸೆ ಕೊಡುವ ಕೆಲಸ ನಡೆದದ್ದು ಬೆಳಗಾವಿಯಲ್ಲಿ. ಅಲ್ಲಿನ ಕೆಎಲ್‌ಇ ಸಂಸ್ಥೆಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ಶಿವಪ್ರಸಾದ ಗೌಡರ ಮತ್ತು ಸಂಗಡಿಗರು ಜಿಲ್ಲೆಯ ಆರೋಗ್ಯ ಕೇಂದ್ರ ಮತ್ತು ಆಸ್ಪತ್ರೆಗಳಲ್ಲಿ ಹೆರಿಗೆ ಮಾಡಿಸುವ 599 ಮಂದಿಗೆ ತರಬೇತಿ ಕೊಟ್ಟರು. ಕಲಿಕೆಗೆ ಬಳಸಿದ್ದು ನೀರು ತುಂಬಿದರೆ ಕೂಸಿನಷ್ಟೇ ತೂಗುವ ಗೊಂಬೆ. ಒರೆಸಿ, ಬೆಚ್ಚಗಿಟ್ಟು, ಬೆನ್ನು ಸವರಿ, ಆಗಲೂ ಉಸಿರಾಡದಿದ್ದರೆ ಮೊದಲ ಒಂದು ನಿಮಿಷದೊಳಗೆ ಮಾಸ್ಕಿನಿಂದ ಗಾಳಿ ಒತ್ತುವುದು, ಪಾಠ ಇಷ್ಟೇ. 2013ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಹೊಟ್ಟೆಯಲ್ಲೇ ಸತ್ತು ಹುಟ್ಟಿದವೆಂದು ಬರೆದುಕೊಳ್ಳುವ ಶಿಶುಗಳ ಪ್ರಮಾಣ ಶೇ 3.0ರಿಂದ ಶೇ 2.3ಕ್ಕೆ ಇಳಿಯಿತು. ಹೆರಿಗೆಗೆ ಸ್ವಲ್ಪವೇ ಮುಂಚೆ ಸತ್ತಂತೆ ಕಾಣುವ ಶಿಶುಗಳದ್ದಂತೂ ಶೇ 1.7ರಿಂದ ಶೇ 0.9. ತರಬೇತಿಗೆ ಸತ್ತವರನ್ನು ಬದುಕಿಸುವ ಶಕ್ತಿಯಿಲ್ಲ. ಸತ್ತಿದೆಯೆಂದು ಬದಿಗಿಟ್ಟ ಕೂಸುಗಳಲ್ಲಿ ಕೆಲವಕ್ಕೆ ಎದೆಬಡಿತ ಇತ್ತು, ಉಸಿರು ಮಾತ್ರ ಬಂದಿರಲಿಲ್ಲ ಎಂದೇ ಇದರ ಅರ್ಥ. ಹಿಂದಿನ ವರ್ಷಗಳಲ್ಲಿ ಹಾಗೆ ಬಟ್ಟೆ ಸುತ್ತಿಟ್ಟ ಕೂಸುಗಳನ್ನು ನೆನೆದರೆ ಕರುಳು ಹಿಂಡುತ್ತದೆ. ಮೊದಲ ತಿಂಗಳಿನ ಸಾವು ಮಾತ್ರ ಈ ತರಬೇತಿಯಿಂದ ಇಳಿಯಲಿಲ್ಲ. ಉಸಿರು ಕೊಟ್ಟ ಮೇಲಿನ ಆರೈಕೆ ಬೇರೆಯೇ ಕೆಲಸ.

ಹಾಗೆ ಬದುಕಿಕೊಂಡ ಮಕ್ಕಳ ಮಿದುಳು ಮುಂದೆ ಹೇಗೆ ಬೆಳೆಯುತ್ತದೆ? ಇದನ್ನು ನೋಡಿದ್ದು ‘ಬ್ರೇನ್-ಹಿಟ್’ ಎಂಬ ಅಧ್ಯಯನ. ಅಮೆರಿಕದ ಅಲಬಾಮಾದ ವಾಲ್ಡೆಮಾರ್ ಕಾರ್ಲೊ ನೇತೃತ್ವದಲ್ಲಿ ಭಾರತ, ಪಾಕಿಸ್ತಾನ, ಜಾಂಬಿಯಾದ ಹಳ್ಳಿಗಳಲ್ಲಿ ನಡೆದ ಇದರ ಭಾರತದ ಕೇಂದ್ರ ಬೆಳಗಾವಿಯೇ. ಹುಟ್ಟುವಾಗ ಉಸಿರುಗಟ್ಟಿ, ಮಾಸ್ಕಿನಿಂದ ಉಸಿರು ಪಡೆದ 165 ಮಕ್ಕಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನ ಮನೆಗೆ ತರಬೇತಾದ ಹೆಣ್ಣುಮಗಳೊಬ್ಬಳು ಎರಡು ವಾರಕ್ಕೊಮ್ಮೆ ಹೋಗಿ ತಾಯಿಗೆ ಆಟ ಕಲಿಸುತ್ತಿದ್ದಳು: ಮುಖಕ್ಕೆ ಮುಖ ಕೊಟ್ಟು ಮಾತಾಡುವುದು, ಸಾಮಾನು ಬಚ್ಚಿಟ್ಟು ಹುಡುಕಿಸುವುದು, ಕೈಗೆ ಎಟುಕದಷ್ಟು ದೂರ ಇಟ್ಟು ತರಿಸುವುದು. ಅಮೆರಿಕದಲ್ಲಿ 1970ರ ದಶಕದಲ್ಲಿ ಬಡ ಮಕ್ಕಳಿಗಾಗಿ ಕ್ರೇಗ್ ರೇಮಿ, ಜೋಸೆಫ್ ಸ್ಪಾರ್ಲಿಂಗ್ ಮೊದಲಾದವರು ಬೆಳೆಸಿದ ಕಲಿಕೆಯ ಆಟಗಳೇ ಇದಕ್ಕೆ ಮೂಲ. ಇನ್ನೊಂದು ಗುಂಪಿನ ಮನೆಗೂ ಅಷ್ಟೇ ಸಲ ಭೇಟಿ ನಡೆಯಿತು, ಆದರೆ ಅಲ್ಲಿ ಆರೋಗ್ಯದ ಮಾತಷ್ಟೇ. ಮೂರು ವರ್ಷಕ್ಕೆ ಬುದ್ಧಿ ಬೆಳವಣಿಗೆಯ ಸರಾಸರಿ ಅಂಕ ಆಟದ ಗುಂಪಿಗೆ 102.6, ಇನ್ನೊಂದಕ್ಕೆ 98. ಅತಿ ತೀವ್ರ ಹಾನಿಯಾದ ಮಕ್ಕಳು ಈ ಅಧ್ಯಯನದಲ್ಲಿರಲಿಲ್ಲ ಎಂಬುದನ್ನು ಮರೆಯಬಾರದು. ಆದರೂ ವಿದ್ಯುತ್ತು, ಔಷಧಿ, ಯಂತ್ರ ಯಾವುದನ್ನೂ ಬೇಡದ ಒಂದು ಉಪಾಯ ನಮ್ಮ ಪಕ್ಕದ ಸೀಮೆಯ ಹಳ್ಳಿಗಳಲ್ಲಿ ಹೀಗೆ ಅಳತೆಗೆ ಸಿಕ್ಕಿದೆ.

ಆಶಾ ಕಾರ್ಯಕರ್ತೆ ಹೇಗೂ ಬಾಣಂತಿಯ ಮನೆಗೆ ಬರುತ್ತಾಳೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಅಂಗನವಾಡಿಗೆ ಹೋಗುತ್ತದೆ. ಬೆಳವಣಿಗೆ ತಡವಾದ ಮಕ್ಕಳಿಗೆ ಜಿಲ್ಲಾ ಮಟ್ಟದಲ್ಲಿ ಚಿಕಿತ್ಸಾ ಕೇಂದ್ರ ಇರಬೇಕೆಂಬುದು 2013ರಿಂದ ಈ ಕಾರ್ಯಕ್ರಮದ ನಿಯಮ. ಈ ಮೂವರಿಗೂ ಬೇಕಾದದ್ದು ಹೆರಿಗೆ ಕೋಣೆಯಲ್ಲಿ ಬರೆದ ಒಂದು ಸಾಲು: ಎಷ್ಟು ಹೊತ್ತಿಗೆ ಅತ್ತಿತು, ಮಾಸ್ಕು ಹಾಕಿದರೋ ಇಲ್ಲವೋ, ಮೊದಲ ಮೂರು ದಿನದಲ್ಲಿ ಫಿಟ್ಸ್ ಬಂತೋ ಇಲ್ಲವೋ. ಡಿಸ್ಚಾರ್ಜ್ ಚೀಟಿಯಲ್ಲಿ ಆ ಸಾಲನ್ನು ಕೇಳಿ ಬರೆಸಿಕೊಂಡು, ತವರಿನಿಂದ ಗಂಡನ ಮನೆಗೆ ಹೊರಡುವಾಗ ತಾಯಿ ಕಾರ್ಡಿನ ಜೊತೆಯಲ್ಲೇ ಇಟ್ಟುಕೊಳ್ಳಬೇಕು. ಅಂಥ ಮಗು ನಾಲ್ಕು ತಿಂಗಳಿಗೆ ಕುತ್ತಿಗೆ ನಿಲ್ಲಿಸದಿದ್ದರೆ, ಒಂದೇ ಕೈಯನ್ನು ಬಳಸುತ್ತಿದ್ದರೆ, ಹೆಬ್ಬೆರಳನ್ನು ಸದಾ ಮುಷ್ಟಿಯೊಳಗೆ ಹಿಡಿದಿದ್ದರೆ, ‘ನಿಧಾನಕ್ಕ ಸರಿ ಹೋಗ್ತದ’ ಎಂದು ಹಬ್ಬದವರೆಗೆ ಕಾಯದೆ ಅದೇ ವಾರ ವಿಜಯಪುರದ ಮಕ್ಕಳ ವೈದ್ಯರಿಗೆ ತೋರಿಸಬೇಕು.