ಗುಪ್ತಾಯುಧದ ಅಭ್ಯಾಸ

ಆಯುಧವನ್ನು ಬಹಿರಂಗವಾಗಿ ಧರಿಸುವುದು ಒಂದು. ಯಾರ ಕಣ್ಣಿಗೂ ಬೀಳದಂತೆ ಉಡುಪಿನೊಳಗೆ ಅಡಗಿಸಿಕೊಂಡು ತಿರುಗುವುದು ಮತ್ತೊಂದು. ಮೊದಲನೆಯದು ನಮ್ಮ ನಾಡಿಗೆ ಹೊಸತಲ್ಲ. ಕೊಡಗಿನಲ್ಲಿ ಗಂಡುಮಗು ಹುಟ್ಟಿದರೆ ಕೋವಿಯಿಂದ ಒಂದು ಗುಂಡನ್ನೂ, ಮನೆಯಲ್ಲಿ ಸಾವು ಸಂಭವಿಸಿದರೆ ಎರಡು ಗುಂಡುಗಳನ್ನೂ ಹಾರಿಸಿ ನೆರೆಹೊರೆಗೆ ತಿಳಿಸುವ ಪದ್ಧತಿಯುಂಟು. ಕೈಲ್ ಮುಹೂರ್ತದ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜಿಸುತ್ತಾರೆ. ಅಲ್ಲಿ ಕೋವಿಯೆಂಬುದು ಊರಿಗೆಲ್ಲ ತಿಳಿದ ವಸ್ತುವು. ಎರಡನೆಯದಾದ ಗುಪ್ತಾಯುಧಧಾರಣೆಯಾದರೋ ಇಂದು ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಲಕ್ಷೋಪಲಕ್ಷ ಗೃಹಸ್ಥರ ವ್ಯವಹಾರವಾಗಿದೆ. ನಮ್ಮ ಓದುಗರಲ್ಲಿ ಅನೇಕರ ಮಕ್ಕಳೂ ಮೊಮ್ಮಕ್ಕಳೂ ಆ ದೇಶದಲ್ಲಿ ನೆಲೆಸಿರುತ್ತಾರೆ. ಆದಕಾರಣ, ಮೊದಲ ಸಲ ಪಿಸ್ತೂಲನ್ನು ಸೊಂಟಕ್ಕೆ ಕಟ್ಟಿಕೊಂಡವನಿಗೆ ಅದು ಹೇಗೆ ಅಭ್ಯಾಸವಾಗುತ್ತದೆ, ಎಷ್ಟರಮಟ್ಟಿಗೆ ಅಭ್ಯಾಸವಾಗಬೇಕು ಎಂಬುದನ್ನು ವಿಚಾರಿಸುವುದು ಅಪ್ರಸ್ತುತವಾಗಲಾರದು. ಧರಿಸುವುದು ಸರಿಯೋ ತಪ್ಪೋ ಎಂಬ ವಾದವನ್ನು ನಾವು ಇಲ್ಲಿ ಹೂಡುವುದಿಲ್ಲ. ಧರಿಸಿದವನ ಅವಸ್ಥೆಯನ್ನು ಮಾತ್ರ ನೋಡುವೆವು.

ಮೊದಲು ಆ ದೇಶದ ಶಾಸನವನ್ನು ಸಂಕ್ಷೇಪವಾಗಿ ಹೇಳತಕ್ಕದ್ದು. ಆಯುಧವನ್ನು ಹೊಂದುವ ಹಕ್ಕು ಅಲ್ಲಿಯ ರಾಜ್ಯಾಂಗಕ್ಕೆ 1791ರಲ್ಲಿ ಸೇರಿದ ಎರಡನೆಯ ತಿದ್ದುಪಡಿಯಿಂದ ಬಂದುದು. ಆದರೂ ಪಿಸ್ತೂಲನ್ನು ಅಡಗಿಸಿಕೊಂಡು ಬೀದಿಯಲ್ಲಿ ನಡೆಯುವುದಕ್ಕೆ ಅನೇಕ ಸಂಸ್ಥಾನಗಳಲ್ಲಿ ಬಹುಕಾಲದವರೆಗೆ ನಿಷೇಧವೋ ಬಿಗಿಯಾದ ನಿರ್ಬಂಧವೋ ಇದ್ದಿತು. ಅರ್ಹರಾದವರಿಗೆಲ್ಲ ಪರವಾನಗಿಯನ್ನು ಕೊಡಲೇಬೇಕೆಂಬ ಶಾಸನವನ್ನು ಫ್ಲಾರಿಡಾ ಸಂಸ್ಥಾನವು 1987ರಲ್ಲಿ ಮಾಡಿದ ಮೇಲೆ ಇತರ ಸಂಸ್ಥಾನಗಳು ಒಂದೊಂದಾಗಿ ಅದೇ ಹಾದಿಯನ್ನು ಹಿಡಿದವು. ಗುಪ್ತಾಯುಧಧಾರಣೆಗೆ ಸಂಪೂರ್ಣ ನಿಷೇಧವಿದ್ದ ಸಂಸ್ಥಾನಗಳಲ್ಲಿ ಕೊನೆಯದಾದ ಇಲಿನಾಯ್ 2013ರಲ್ಲಿ ಆ ನಿಷೇಧವನ್ನು ತೆಗೆಯಿತು. 2022ರ ಜೂನ್ 23ರಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ಆತ್ಮರಕ್ಷಣೆಗಾಗಿ ಪಿಸ್ತೂಲನ್ನು ಮನೆಯ ಹೊರಗೆ ಒಯ್ಯುವುದೂ ಹಕ್ಕೇ ಎಂದು ತೀರ್ಪಿತ್ತಿತು. 2024ರ ವೇಳೆಗೆ 50 ಸಂಸ್ಥಾನಗಳಲ್ಲಿ 29 ಪರವಾನಗಿಯೇ ಬೇಡವೆಂದು ಬಿಟ್ಟಿದ್ದವು.

ಜನರು ಏಕೆ ಧರಿಸುತ್ತಾರೆಂದರೆ, ಭಯವೇ ಮುಖ್ಯ ಕಾರಣವು. ಆ ಭಯವೂ ಕೇವಲ ಕಲ್ಪಿತವಲ್ಲ. 1991ರ ಅಕ್ಟೋಬರ್ 16ರಂದು ಟೆಕ್ಸಾಸ್ ಸಂಸ್ಥಾನದ ಕಿಲೀನ್ ಪಟ್ಟಣದ ಒಂದು ಭೋಜನಗೃಹದಲ್ಲಿ ಒಬ್ಬ ಕೊಲೆಗಾರನು 23 ಜನರನ್ನು ಕೊಂದನು. ತಂದೆತಾಯಿಗಳೊಡನೆ ಊಟಕ್ಕೆ ಕುಳಿತಿದ್ದ ಸುಝಾನಾ ಹಪ್ಪ್ ಎಂಬ ಮಹಿಳೆಯ ಪಿಸ್ತೂಲು, ಅಂದಿನ ಶಾಸನಕ್ಕೆ ಅಂಜಿ ಅವಳು ಬಿಟ್ಟುಬಂದಿದ್ದ ಕಾರಣ, ಹೊರಗೆ ಕಾರಿನಲ್ಲಿತ್ತು. ಅವಳ ಕಣ್ಣೆದುರಿಗೇ ತಂದೆ ಬಿದ್ದನು, ತಾಯಿಯೂ ಉಳಿಯಲಿಲ್ಲ. ಆ ಮಹಿಳೆ ಮುಂದೆ ಶಾಸನಸಭೆಯ ಸದಸ್ಯೆಯಾದಳು; ಆ ಸಂಸ್ಥಾನದ ಕಾನೂನು 1995ರಲ್ಲಿ ಬದಲಾಯಿತು. ಇಂತಹ ಕಥೆಯನ್ನು ಕೇಳಿದ ಗೃಹಸ್ಥನು ಅಂಗಡಿಗೆ ಹೋಗಿ ಪಿಸ್ತೂಲನ್ನು ಕೊಂಡುತಂದರೆ ಅವನನ್ನು ನಗುವುದು ಸಲ್ಲದು.

ಆದರೆ ಕೊಳ್ಳುವುದು ಅರ್ಧ ಗಂಟೆಯ ಕೆಲಸ, ಧರಿಸುವುದು ತಿಂಗಳುಗಳ ಸಾಧನೆ. ಹೆಚ್ಚಾಗಿ ಬಳಕೆಯಲ್ಲಿರುವ ಗ್ಲಾಕ್ 19 ಎಂಬ ಮಾದರಿಯಲ್ಲಿ 15 ತೋಟಾಗಳು ಹಿಡಿಯುತ್ತವೆ. ತುಂಬಿದಾಗ ಅದರ ತೂಕ ಮುಕ್ಕಾಲು ಕಿಲೋಗ್ರಾಮಿಗಿಂತ ಹೆಚ್ಚು. ಸಾಮಾನ್ಯವಾದ ಸೊಂಟಪಟ್ಟಿ ಆ ಭಾರಕ್ಕೆ ಜೋತುಬೀಳುವುದರಿಂದ ದಪ್ಪವಾದ, ಬಾಗದ ಪಟ್ಟಿ ಬೇಕು. ಷರಾಯಿಯ ಅಳತೆಯನ್ನು ಒಂದೆರಡು ಅಂಗುಲ ಹೆಚ್ಚಿಸಬೇಕು; ಅಂಗಿಯನ್ನು ಸಡಿಲವಾಗಿ ಹೊರಗೆ ಬಿಡಬೇಕು. ಬಲಸೊಂಟದ ಸ್ವಲ್ಪ ಹಿಂಬದಿಗೆ ಇಟ್ಟುಕೊಂಡರೆ ಕಾರಿನಲ್ಲಿ ಕುಳಿತಾಗ ಬೆನ್ನಿಗೆ ಒತ್ತುತ್ತದೆ. ಹೊಟ್ಟೆಯ ಮುಂಭಾಗಕ್ಕೆ ಸಿಕ್ಕಿಸಿಕೊಂಡರೆ ಬಗ್ಗುವಾಗ ಚುಚ್ಚುತ್ತದೆ. ಕೆಳಗೆ ಬಿದ್ದ ಕಾಗದವನ್ನು ಎತ್ತಿಕೊಳ್ಳಬೇಕಾದರೆ ನಡು ಬಗ್ಗಿಸದೆ ಮಂಡಿಯೂರಬೇಕು. ಇಲ್ಲವಾದರೆ ಅಂಗಿಯ ಮೇಲೆ ಪಿಸ್ತೂಲಿನ ಆಕಾರವು ಮೂಡಿ ಕಾಣುತ್ತದೆ. ಅಂಗಡಿಯಲ್ಲಿ ಮೇಲಿನ ಹಲಗೆಗೆ ಕೈಚಾಚಿದರೆ ಅಂಗಿ ಮೇಲೇರಿ ಗುಟ್ಟು ರಟ್ಟಾಗುತ್ತದೆ. ಮಿತ್ರನು ಪ್ರೀತಿಯಿಂದ ಆಲಿಂಗಿಸಲು ಬಂದರೆ ಹಿಂದೆ ಸರಿಯಬೇಕಾಗುತ್ತದೆ. ಶೌಚಗೃಹದಲ್ಲಿ ಸೊಂಟಪಟ್ಟಿಯನ್ನು ಸಡಿಲಿಸಿದಾಗ ಅದನ್ನು ಎಲ್ಲಿಡುವುದೆಂಬುದು ದೊಡ್ಡ ಸಮಸ್ಯೆಯು. ಹಲಗೆಯ ಮೇಲಿಟ್ಟು ಮರೆತು ಬಂದವರುಂಟು. ಒರೆಯಿಂದ ತೆಗೆಯದೆ ಮೈಮೇಲಿನ ಉಡುಪಿನಲ್ಲಿಯೇ ಇಟ್ಟುಕೊಳ್ಳಬೇಕೆಂದು ತಿಳಿದವರು ಹೇಳುತ್ತಾರೆ.

ಇವೆಲ್ಲ ದೇಹದ ತೊಂದರೆಗಳು. ಮನಸ್ಸಿನ ತೊಂದರೆ ಇದಕ್ಕಿಂತ ಹೆಚ್ಚು. ಮೊದಲ ದಿನ ಮನೆಯಿಂದ ಹೊರಬಿದ್ದವನಿಗೆ ಬೀದಿಯವರೆಲ್ಲರೂ ತನ್ನ ಸೊಂಟವನ್ನೇ ನೋಡುತ್ತಿರುವಂತೆ ತೋರುತ್ತದೆ. ನಿಜವಾಗಿ ಯಾರೂ ನೋಡುತ್ತಿರುವುದಿಲ್ಲ. ಆದರೂ ಕೈ ತಾನಾಗಿ ಅಲ್ಲಿಗೆ ಹೋಗುತ್ತದೆ, ಅಂಗಿಯನ್ನು ಎಳೆದುಕೊಳ್ಳುತ್ತದೆ. ಜಾತ್ರೆಯ ಗುಂಪಿನಲ್ಲಿ ಹಣದ ಚೀಲವನ್ನು ಕ್ಷಣಕ್ಷಣಕ್ಕೂ ತಡವಿ ನೋಡಿಕೊಳ್ಳುವ ಹಳ್ಳಿಗನು ಕಳ್ಳನಿಗೆ ತಾನೇ ದಾರಿ ತೋರಿಸುವಂತೆ, ಈ ಕೈಯೇ ಗುಟ್ಟನ್ನು ಹೊರಗೆಡಹುವುದು. ಅದಕ್ಕಾಗಿ ಅಲ್ಲಿಯ ಶಿಕ್ಷಕರು ಒಂದು ಉಪಾಯವನ್ನು ಕಲಿಸುತ್ತಾರೆ. ಮೊದಲ ಒಂದೆರಡು ವಾರ ತೋಟಾಗಳಿಲ್ಲದ ಪಿಸ್ತೂಲನ್ನು ಕೀಲು ಏರಿಸಿಟ್ಟು, ಒರೆಯಲ್ಲಿಟ್ಟು, ಮನೆಯೊಳಗೇ ಧರಿಸಬೇಕು. ಕುಳಿತು, ಎದ್ದು, ಮೆಟ್ಟಿಲು ಹತ್ತಿ, ದಿನದ ಕೆಲಸವನ್ನೆಲ್ಲ ಮಾಡಿ ರಾತ್ರಿ ಪರೀಕ್ಷಿಸಿದರೆ ಏರಿಸಿದ ಕೀಲು ಏರಿಸಿದಂತೆಯೇ ಇರುತ್ತದೆ. ಬೆರಳು ಟ್ರಿಗರನ್ನು ಎಳೆಯದ ಹೊರತು ಅದು ತಾನಾಗಿ ಹಾರದೆಂಬ ನಂಬಿಕೆ ಹೀಗೆ ಪ್ರತ್ಯಕ್ಷದಿಂದ ಬರುತ್ತದೆ. ಮೂಗು ಚುಚ್ಚಿಸಿಕೊಂಡ ಹುಡುಗಿಗೆ ಮೊದಲ ವಾರವೆಲ್ಲ ನತ್ತಿನದೇ ಧ್ಯಾನ. ಆಮೇಲೆ ಅದು ಇದೆಯೆಂಬುದೇ ನೆನಪಿರುವುದಿಲ್ಲ. ಪಿಸ್ತೂಲೂ ಕೆಲವು ವಾರಗಳಲ್ಲಿ ಹಾಗೆಯೇ ಆಗುತ್ತದೆ.

ಅಪಾಯವು ಹುಟ್ಟುವುದು ಇಲ್ಲಿಯೇ. ಅಮೆರಿಕೆಯ ವಿಮಾನನಿಲ್ದಾಣಗಳ ತಪಾಸಣೆಯಲ್ಲಿ 2023ನೆಯ ಒಂದೇ ವರ್ಷದಲ್ಲಿ ಪ್ರಯಾಣಿಕರ ಕೈಚೀಲಗಳಿಂದ 6,737 ಬಂದೂಕುಗಳು ಸಿಕ್ಕಿದವು. ಅವುಗಳಲ್ಲಿ ನೂರಕ್ಕೆ 93ರಷ್ಟು ಗುಂಡು ತುಂಬಿದವು. ಸಿಕ್ಕಿಬಿದ್ದವರು ಸಾಮಾನ್ಯವಾಗಿ ಕೊಡುವ ಉತ್ತರವು ಒಂದೇ: ‘ಇದ್ದುದು ಮರೆತೇಹೋಗಿತ್ತು.’ ಅವರು ಸುಳ್ಳು ಹೇಳುವರೆಂದು ತಿಳಿಯಬೇಕಾಗಿಲ್ಲ. ಅಭ್ಯಾಸವು ತನ್ನ ಕೆಲಸವನ್ನು ಪೂರ್ತಿಯಾಗಿ ಮಾಡಿಬಿಟ್ಟಿತು, ಅಷ್ಟೇ. ನತ್ತನ್ನು ಮರೆತರೆ ಯಾರಿಗೂ ಕೇಡಿಲ್ಲ. ಆಯುಧವನ್ನು ಮರೆತರೆ ಅದು ಯಾರ ಕೈಗೆ ಹೋದೀತೆಂಬುದನ್ನು ಹೇಳಲಾಗದು.

ಎರಡು ದೃಷ್ಟಾಂತಗಳನ್ನು ಕೊಡುವೆವು. 2008ರ ನವೆಂಬರ್ ತಿಂಗಳಲ್ಲಿ ನ್ಯೂಯಾರ್ಕಿನ ವಿಲಾಸಗೃಹವೊಂದರಲ್ಲಿ ಪ್ಲಾಕ್ಸಿಕೋ ಬರೆಸ್ ಎಂಬ ಪ್ರಸಿದ್ಧ ಫುಟ್‌ಬಾಲ್ ಆಟಗಾರನು ಒರೆಯಿಲ್ಲದೆ ಷರಾಯಿಯ ನಡುವಿಗೆ ಪಿಸ್ತೂಲನ್ನು ಸಿಕ್ಕಿಸಿಕೊಂಡಿದ್ದನು. ಅದು ಜಾರಿತು, ಹಿಡಿಯಹೋದಾಗ ಗುಂಡು ಹಾರಿ ಅವನ ತೊಡೆಗೇ ಬಿತ್ತು. ಪ್ರಾಣವು ಉಳಿಯಿತು, ಆ ನಗರದ ಪರವಾನಗಿ ಇಲ್ಲದ್ದರಿಂದ ಎರಡು ವರ್ಷಗಳ ಸೆರೆ ಪ್ರಾಪ್ತವಾಯಿತು. ಟ್ರಿಗರನ್ನು ಪೂರ್ತಿಯಾಗಿ ಮುಚ್ಚುವ ಗಟ್ಟಿಯಾದ ಒರೆಯೊಂದಿದ್ದರೆ ಇದು ನಡೆಯುತ್ತಿರಲಿಲ್ಲ. ಇನ್ನೊಂದು ಹೃದಯವಿದ್ರಾವಕವಾದುದು. 2014ರ ಡಿಸೆಂಬರ್ 30ರಂದು ಐಡಹೋ ಸಂಸ್ಥಾನದ ಹೇಡನ್ ಎಂಬ ಊರಿನ ಅಂಗಡಿಯಲ್ಲಿ ಒಬ್ಬ ತಾಯಿಯು ತನ್ನ ಎರಡು ವರ್ಷದ ಮಗುವನ್ನು ಸಾಮಾನಿನ ಗಾಡಿಯಲ್ಲಿ ಕೂರಿಸಿಕೊಂಡು ಹೋಗುತ್ತಿದ್ದಳು. ಪಕ್ಕದಲ್ಲಿ ಅವಳ ಕೈಚೀಲ. ಪಿಸ್ತೂಲಿಡುವುದಕ್ಕೆಂದೇ ಹೊಲಿದ ಚೀಲವದು. ಅವಳು ಪರವಾನಗಿ ಪಡೆದವಳು. ಮಗುವು ಚೀಲದೊಳಗೆ ಕೈಹಾಕಿತು. ಗುಂಡು ಹಾರಿ ತಾಯಿ ಅಲ್ಲಿಯೇ ಸತ್ತಳು. ಆ ಹಸುಳೆಯು ದೊಡ್ಡದಾದ ಮೇಲೆ ಈ ಸಂಗತಿಯನ್ನು ಹೇಗೆ ಹೊರುವುದೋ! ಮೈಯಿಂದ ಬೇರೆಯಾದ ಪಿಸ್ತೂಲನ್ನು ಧರಿಸಿದೆವೆಂದು ತಿಳಿಯತಕ್ಕದ್ದಲ್ಲ.

ಆದುದರಿಂದ ದೇಹಕ್ಕೆ ಅಭ್ಯಾಸವಾಗಬೇಕು, ಮನಸ್ಸಿಗೆ ಎಂದೆಂದಿಗೂ ಆಗಕೂಡದು ಎಂಬುದೇ ಈ ವಿಷಯದ ಸಾರವು. ನಡು ಮರೆಯಲಿ, ಭುಜ ಮರೆಯಲಿ, ಕೈ ತಡವುವುದನ್ನು ಬಿಡಲಿ. ಬುದ್ಧಿಯು ಮಾತ್ರ ಎಚ್ಚರವಾಗಿರಲಿ. ಈ ಎಚ್ಚರವನ್ನೇ ಜೆಫ್ ಕೂಪರ್ (1920–2006) ಎಂಬ ಅಮೆರಿಕದ ಮಾಜಿ ಸೈನಿಕನು ನಾಲ್ಕು ನಿಯಮಗಳಾಗಿ ಪ್ರಚಾರ ಮಾಡಿದನು. ಪ್ರತಿಯೊಂದು ಬಂದೂಕನ್ನೂ ಗುಂಡು ತುಂಬಿದ್ದೆಂದೇ ಭಾವಿಸಬೇಕು. ನಾಶಮಾಡಲು ಇಚ್ಛೆಯಿಲ್ಲದ ಯಾವುದರ ಕಡೆಗೂ ನಳಿಗೆಯನ್ನು ತಿರುಗಿಸಬಾರದು. ಗುರಿಯನ್ನು ಹಿಡಿಯುವವರೆಗೆ ಬೆರಳು ಟ್ರಿಗರಿನ ಹೊರಗಿರಬೇಕು. ಗುರಿ ಯಾವುದು, ಅದರ ಹಿಂದೆ ಏನಿದೆ ಎಂಬುದು ನಿಶ್ಚಯವಾಗಿ ತಿಳಿದಿರಬೇಕು. ಹತ್ತು ವರ್ಷ ಧರಿಸಿದವನಿಗೂ ಮೊದಲ ದಿನದವನಿಗೂ ಈ ನಿಯಮಗಳು ಒಂದೇ.

ಹೊರಗಿನ ಎಚ್ಚರದಂತೆ ಒಳಗಿನದೂ ಉಂಟು. ಸೊಂಟದಲ್ಲಿ ಪಿಸ್ತೂಲುಳ್ಳವನು ಮದ್ಯವನ್ನು ಮುಟ್ಟತಕ್ಕದ್ದಲ್ಲ. ಅವನು ಜಗಳದಲ್ಲಿ ಸೋಲುವುದನ್ನು ಕಲಿಯಬೇಕು. ಇತರರು ರಸ್ತೆಯಲ್ಲಿ ಒಬ್ಬರನ್ನೊಬ್ಬರು ಬಯ್ದು ಮನೆಗೆ ಹೋಗಿ ಮರೆತುಬಿಡಬಹುದು. ಇವನ ಪ್ರತಿಯೊಂದು ಜಗಳದಲ್ಲಿಯೂ ಒಂದು ಪಿಸ್ತೂಲು ಪಾಲುಗೊಂಡಿರುತ್ತದೆ. ಕಾರನ್ನು ಅಡ್ಡ ತಂದವನಿಗೆ ದಾರಿಬಿಟ್ಟು, ಬಯ್ದವನಿಗೆ ಕ್ಷಮೆ ಕೇಳಿ ಹೊರಟುಹೋಗುವುದೇ ಇವನ ಶೌರ್ಯವು. ಪೋಲೀಸರು ತಡೆದರೆ ಕೈಗಳನ್ನು ಅವರ ಕಣ್ಣಿಗೆ ಕಾಣುವಂತೆ ಇಡಬೇಕು. ಅವರು ಹೇಳುವವರೆಗೆ ಅಲುಗಾಡಬಾರದು. 2016ರ ಜುಲೈ 6ರಂದು ಮಿನ್ನೆಸೋಟ ಸಂಸ್ಥಾನದಲ್ಲಿ, ಶಾಲೆಯೊಂದರ ಭೋಜನಶಾಲೆಯ ಮೇಲ್ವಿಚಾರಕನಾಗಿದ್ದ ಫಿಲಾಂಡೋ ಕ್ಯಾಸ್ಟೀಲ್ ಎಂಬವನು ತನ್ನಲ್ಲಿ ಬಂದೂಕಿರುವುದನ್ನು ಪೋಲೀಸಿನವನಿಗೆ ತಾನಾಗಿ ತಿಳಿಸಿದನು. ಅವನಲ್ಲಿ ಪರವಾನಗಿಯೂ ಇದ್ದಿತು. ಆದರೂ ಗಾಬರಿಗೊಂಡ ಪೋಲೀಸಿನವನ ಗುಂಡಿಗೆ ಬಲಿಯಾದನು. ಗುಂಡು ಹಾರಿಸಿದವನು ಮರುವರ್ಷ ನಿರ್ದೋಷಿಯೆಂದು ಬಿಡುಗಡೆ ಹೊಂದಿದನು. ಕಾಗದದ ಮೇಲಿನ ಅನುಮತಿಯು ಎದುರಿಗಿರುವವನ ಭಯವನ್ನು ತೊಡೆಯಲಾರದು.

ಗೃಹಸ್ಥನು ಮನೆಗೆ ಬಂದು ಅದನ್ನು ಸೊಂಟದಿಂದ ಬಿಚ್ಚಿದೊಡನೆ ಜವಾಬ್ದಾರಿಯು ತೀರಲಿಲ್ಲ. ಬಿಚ್ಚಿದ ಪಿಸ್ತೂಲು ಆ ಕ್ಷಣವೇ ಬೀಗವುಳ್ಳ ಪೆಟ್ಟಿಗೆಗೆ ಸೇರಬೇಕು. ದಿಂಬಿನ ಕೆಳಗೂ ಅಲ್ಲ, ಕಪಾಟಿನ ಮೇಲೂ ಅಲ್ಲ. ಇದು ಮಕ್ಕಳಿಗಾಗಿ ಮಾತ್ರವಲ್ಲ. 2021ರಲ್ಲಿ ಅಮೆರಿಕದಲ್ಲಿ ಬಂದೂಕಿನಿಂದ ಸತ್ತವರು 48,830; ಅವರಲ್ಲಿ 26,328 ಮಂದಿ ತಮ್ಮ ಕೈಯಿಂದ ತಾವೇ ಸತ್ತವರು. ಕಳ್ಳನಿಗೆ ಅಂಜಿ ತಂದ ಆಯುಧವು ಮನೆಯಲ್ಲಿ ಯಾರೋ ಒಬ್ಬರ ದುಃಖದ ಗಳಿಗೆಗೆ ಸಿದ್ಧವಾಗಿ ಕುಳಿತಿರುತ್ತದೆ. ಮನೆಯಲ್ಲಿ ಯಾರಿಗಾದರೂ ಮನಸ್ಸು ಕುಗ್ಗಿರುವ ಕಾಲದಲ್ಲಿ ಅದನ್ನು ಮನೆಯಿಂದಲೇ ದೂರವಿಡುವುದು ವಿವೇಕವು.

ನಮ್ಮವರಿಗೆ ಪ್ರತ್ಯೇಕವಾಗಿ ಹೇಳಬೇಕಾದುದೂ ಇದೆ. ಅಲ್ಲಿ ನೆಲೆಸುವ ಅನುಮತಿಯಿಲ್ಲದೆ, ಎಚ್-1ಬಿ ಮೊದಲಾದ ತಾತ್ಕಾಲಿಕ ವೀಸಾಗಳ ಮೇಲೆ ಹೋದವರು ಕೆಲವು ವಿನಾಯಿತಿಗಳ ಹೊರತು ಬಂದೂಕನ್ನು ಇಟ್ಟುಕೊಳ್ಳುವುದೇ ಅಲ್ಲಿಯ ಕೇಂದ್ರಶಾಸನದಂತೆ ಅಪರಾಧವು. ಸಂಸ್ಥಾನವು ಪರವಾನಗಿ ಬೇಡವೆಂದರೂ ಈ ನಿಷೇಧವು ಹೋಗುವುದಿಲ್ಲ. ಗ್ರೀನ್ ಕಾರ್ಡ್ ಪಡೆದವರ ಸ್ಥಿತಿ ಬೇರೆ. ಒಂದು ಸಂಸ್ಥಾನದ ಪರವಾನಗಿಯು ಗಡಿ ದಾಟಿದ ಮೇಲೆ ಸಲ್ಲದಿರಬಹುದು. ಇನ್ನು ಹಬ್ಬಕ್ಕೋ ಮದುವೆಗೋ ಊರಿಗೆ ಬರುವವರು ಚೀಲದ ಮೂಲೆಮೂಲೆಯನ್ನೂ ಕೊಡಹಿ ನೋಡಬೇಕು. ಮರೆತುಹೋದ ಒಂದೇ ಒಂದು ತೋಟಾ ಸಿಕ್ಕಿದರೂ ನಮ್ಮ 1959ರ ಆಯುಧ ಶಾಸನದ ಮೇರೆಗೆ ಮೊಕದ್ದಮೆಯಾಗುವ ಸಂಭವವುಂಟು. ಸ್ವಾಧೀನವೆಂದರೆ ತಿಳಿದು ಇಟ್ಟುಕೊಂಡಿರುವುದೆಂಬ ಅರ್ಥವನ್ನು ನಮ್ಮ ಸುಪ್ರೀಂ ಕೋರ್ಟು 1972ರಷ್ಟು ಹಿಂದೆಯೇ ಹೇಳಿರುವುದು ನಿಜ; ಆದರೆ ತಿಳಿಯದೆ ತಂದೆನೆಂದು ಸ್ಥಾಪಿಸುವಷ್ಟರಲ್ಲಿ ಮದುವೆಯು ಮುಗಿದುಹೋಗಿರುತ್ತದೆ.

ನಮ್ಮ ಪೂರ್ವಿಕರ ಧನುರ್ವೇದದಲ್ಲಿ ಆಯುಧಗಳನ್ನು ವಿಂಗಡಿಸುವಾಗ ಯಂತ್ರದಿಂದ ಬಿಡುವವನ್ನು ಯಂತ್ರಮುಕ್ತವೆಂದು ಕರೆದರು. ಪಿಸ್ತೂಲು ಆ ಪಂಗಡಕ್ಕೆ ಸೇರತಕ್ಕದ್ದು. ಅಸ್ತ್ರವಿದ್ಯೆಯಲ್ಲಿ ಪ್ರಯೋಗದಂತೆಯೇ ಉಪಸಂಹಾರವೆಂಬುದೂ ಒಂದು ಪಾಠವಾಗಿತ್ತು. ಭಾರತಯುದ್ಧದ ಕೊನೆಯಲ್ಲಿ ಅರ್ಜುನನೂ ಅಶ್ವತ್ಥಾಮನೂ ಬ್ರಹ್ಮಾಸ್ತ್ರಗಳನ್ನು ಬಿಟ್ಟಾಗ, ಋಷಿಗಳ ಮಾತಿಗೆ ಅರ್ಜುನನು ತನ್ನದನ್ನು ಹಿಂದಕ್ಕೆ ತೆಗೆದುಕೊಂಡನು. ಅಶ್ವತ್ಥಾಮನಿಗೆ ಬಿಡುವುದು ತಿಳಿದಿತ್ತು, ಹಿಂದೆಗೆಯುವುದು ಸಾಧ್ಯವಾಗಲಿಲ್ಲ. ಅದರ ಫಲವು ಗರ್ಭಸ್ಥ ಶಿಶುವಿನ ಮೇಲೆ ಬಿತ್ತೆಂಬುದು ಎಲ್ಲರಿಗೂ ತಿಳಿದ ಕಥೆಯೇ. ಗುಂಡಿಗೆ ಉಪಸಂಹಾರವಿಲ್ಲ. ಆದುದರಿಂದ ಇದರ ಉಪಸಂಹಾರವನ್ನು ಪ್ರಯೋಗಕ್ಕೆ ಮೊದಲೇ, ಪ್ರತಿದಿನವೂ, ಮನಸ್ಸಿನಲ್ಲಿಯೇ ಮಾಡಬೇಕಾಗಿದೆ. ಬೆಳಿಗ್ಗೆ ಸೊಂಟಕ್ಕೆ ಕಟ್ಟಿದ ಆಯುಧವನ್ನು ಸಂಜೆ ಒರೆಯಿಂದ ಈಚೆಗೆಳೆಯದೆ ಪೆಟ್ಟಿಗೆಗೆ ಸೇರಿಸಿ, ಹೀಗೆ ಜೀವಮಾನವನ್ನು ಕಳೆದವನೇ ಗುಪ್ತಾಯುಧದ ಅಭ್ಯಾಸವನ್ನು ಪೂರ್ತಿ ಮಾಡಿದವನು.