ವಾರಂಟಿಗೆ ವಯಸ್ಸಾಗೋದಿಲ್ಲ

"ಹದಿನೈದು ವರ್ಷದಿಂದ ತಲೆಮರೆಸಿಕೊಂಡಿದ್ದ ಆರೋಪಿ ಬಂಧನ." ಟಿವಿ ಪರದೆಯ ಕೆಳಗೆ ಓಡುವ ಪಟ್ಟಿಯಲ್ಲಿ ಇಂಥ ಸಾಲನ್ನ ನೀವು ಎಷ್ಟೋ ಸಲ ಓದಿದ್ದೀರಿ. ಓದಿದ ತಕ್ಷಣ ಕಣ್ಣ ಮುಂದೆ ಯಾರು ಬರ್ತಾರೆ? ಗಡ್ಡ ಬಿಟ್ಟು, ಹೆಸರು ಬದಲಿಸಿ, ಯಾವುದೋ ಊರಲ್ಲಿ ಅಡಗಿ ಕೂತ ಖದೀಮ. ಅಂಥವರೂ ಇದ್ದಾರೆ, ಇಲ್ಲ ಅನ್ನಲ್ಲ. ಆದರೆ ಇನ್ನೊಂದು ಥರದ ಆರೋಪಿ ಇದ್ದಾನೆ. ಅವನು ಎಲ್ಲೂ ಅಡಗಿಲ್ಲ. ಅಂಕೋಲಾ ಬಸ್ ಸ್ಟ್ಯಾಂಡಲ್ಲಿ ಎಲ್ಲರೆದುರೇ ಚಹಾ ಕುಡೀತಾನೆ, ಓಟು ಹಾಕ್ತಾನೆ, ಬಂಡಿಹಬ್ಬಕ್ಕೆ ಊರಿಗೆ ಬರ್ತಾನೆ. ತನ್ನ ಹೆಸರಲ್ಲಿ ಒಂದು ವಾರಂಟ್ ಇದೆ ಅನ್ನೋದು ಮಾತ್ರ ಅವನಿಗೆ ಗೊತ್ತಿಲ್ಲ. ಇವತ್ತು ಮಾತಾಡಬೇಕಾಗಿರೋದು ಅವನ ಬಗ್ಗೆ.

ಒಂದು ಉದಾಹರಣೆ ಇಟ್ಕೊಳ್ಳೋಣ. ಅಂಕೋಲಾ ತಾಲೂಕಿನ ಒಬ್ಬ ಹುಡುಗ. ಗೋವಾದಿಂದ ಬರುವಾಗ ಕಾರವಾರದ ಮಾಜಾಳಿ ಚೆಕ್‌ಪೋಸ್ಟಲ್ಲಿ ಬ್ಯಾಗು ಬಿಚ್ಚಿಸಿದರು, ಗೋವಾ ಸರಾಯಿ ಬಾಟಲಿ ಸಿಕ್ಕವು. 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಕೇಸು. ಚಿಕ್ಕಪ್ಪ ಪಹಣಿ ಹಿಡ್ಕೊಂಡು ಬಂದು ಜಾಮೀನು ನಿಂತ. ಹುಡುಗ ಮೊದಲ ಎರಡು ತಾರೀಖಿಗೆ ಹೋದ. ಆಮೇಲೆ ವಾಸ್ಕೋದಲ್ಲಿ ಬೋಟಿನ ಕೆಲಸ ಸಿಕ್ತು. ಮೀನಿಗೆ ಹೋದರೆ ದಡಕ್ಕೆ ಬರೋದು ಎಂಟು-ಹತ್ತು ದಿನಕ್ಕೆ. ಮೂರನೇ ತಾರೀಖಿಗೆ ಕೋರ್ಟಲ್ಲಿ ಹೆಸರು ಕೂಗಿದರು, ಅವನಿಲ್ಲ. ಅವನ ಪರ ವಕೀಲರೂ ಎದ್ದು ನಿಲ್ಲಲಿಲ್ಲ. ಕಡತದಲ್ಲಿ ಒಂದು ಸಾಲು ಬಿತ್ತು: ಆರೋಪಿ ಗೈರು, ಜಾಮೀನುರಹಿತ ವಾರಂಟ್ ಹೊರಡಿಸಿ.

ಅಷ್ಟೇ. ಅರ್ಧ ನಿಮಿಷದ ಕೆಲಸ.

ಈಗ ಕಾನೂನು ಏನು ಹೇಳುತ್ತೆ ನೋಡಿ. ಬ್ಯಾಂಕಿನ ಚೆಕ್ಕಿಗೆ ಮೂರು ತಿಂಗಳ ಆಯಸ್ಸು. ವಾರಂಟಿಗೆ ಅಂಥ ಗಡುವೇ ಇಲ್ಲ. ಹೊರಡಿಸಿದ ಕೋರ್ಟೇ ರದ್ದು ಮಾಡಬೇಕು, ಇಲ್ಲವೇ ಪೊಲೀಸರು ಜಾರಿ ಮಾಡಬೇಕು, ಅಲ್ಲಿಯವರೆಗೆ ಅದು ಜೀವಂತ. ಹಳೆ ಸಿಆರ್‌ಪಿಸಿಯ 70ನೇ ಕಲಂ ಹೇಳುತ್ತಿದ್ದದ್ದು ಇದನ್ನೇ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 72ನೇ ಕಲಂ ಹೇಳೋದೂ ಇದನ್ನೇ. ಗೋವಾದಲ್ಲಿದ್ದೇನೆ, ಕಾರವಾರದ ವಾರಂಟು ಇಲ್ಲಿ ನಡೆಯಲ್ಲ ಅಂತ ಯಾರಾದರೂ ಅಂದ್ಕೊಂಡಿದ್ದರೆ ಅದೂ ತಪ್ಪು. ಭಾರತದ ಯಾವ ಮೂಲೆಯಲ್ಲಾದರೂ ಜಾರಿ ಮಾಡಬಹುದು.

ಆರೋಪಿ ಸಿಗಲೇ ಇಲ್ಲ ಅನ್ನಿ. ಕೇಸಲ್ಲಿ ನಾಲ್ಕು ಜನ ಇದ್ದರೆ ಇವನೊಬ್ಬನ ಭಾಗವನ್ನ ಬೇರೆ ಮಾಡಿ ಉಳಿದವರ ವಿಚಾರಣೆ ಮುಗಿಸ್ತಾರೆ. ಇವನ ಕಡತ ಎಲ್‌ಪಿಸಿ ಪಟ್ಟಿಗೆ, ಅಂದ್ರೆ ದೀರ್ಘಕಾಲ ಬಾಕಿ ಇರುವ ಕೇಸುಗಳ ಪಟ್ಟಿಗೆ ಹೋಗುತ್ತೆ. ಉಳಿದ ಮೂವರೂ ಖುಲಾಸೆ ಆಗಿ ಮನೆಗೆ ಹೋಗಿರಬಹುದು, ಇವನ ವಾರಂಟು ಹಾಗೇ ಇರುತ್ತೆ. ಜಾಸ್ತಿ ಆದರೆ ಕೋರ್ಟು ಉದ್ಘೋಷಣೆ ಹೊರಡಿಸಬಹುದು. ಕನಿಷ್ಠ 30 ದಿನದ ಗಡುವು ಕೊಟ್ಟು, ಊರಲ್ಲಿ ಎಲ್ಲರಿಗೂ ಕೇಳುವಂತೆ ಓದಿ, ಮನೆ ಬಾಗಿಲಿಗೆ ನೋಟಿಸು ಅಂಟಿಸ್ತಾರೆ. ಅದಕ್ಕೂ ಬರದಿದ್ದರೆ ಆಸ್ತಿ ಜಪ್ತಿ, ಜೊತೆಗೆ ಮೂರು ವರ್ಷದವರೆಗೆ ಶಿಕ್ಷೆ ಆಗಬಹುದಾದ ಹೊಸ ಅಪರಾಧ. ಜಾಮೀನು ಪಡೆದು ತಾರೀಖಿಗೆ ಬರದೇ ಇರೋದೂ ಪ್ರತ್ಯೇಕ ಅಪರಾಧವೇ, ಒಂದು ವರ್ಷದವರೆಗೆ. ಮೂಲ ಕೇಸಿನಲ್ಲಿ ದಂಡ ಕಟ್ಟಿ ಮುಗಿಯಬಹುದಾಗಿದ್ದ ವಿಷಯ ಎಲ್ಲಿಗೆ ಬಂತು ನೋಡಿ!

ಸಮನ್ಸ್ ಕಳಿಸದೇ ಹೀಗೆಲ್ಲ ಮಾಡ್ತಾರಾ ಅಂತ ಕೇಳ್ತೀರಿ. ಮೊದಲು ಸಮನ್ಸ್, ಆಮೇಲೆ ಜಾಮೀನು ಸಹಿತ ವಾರಂಟ್, ಅದಕ್ಕೂ ಬರದಿದ್ದರೆ ಜಾಮೀನುರಹಿತ ವಾರಂಟ್, ಸಾಮಾನ್ಯವಾಗಿ ಇದೇ ಕ್ರಮ ಇರಬೇಕು ಅಂತ ಸುಪ್ರೀಂ ಕೋರ್ಟ್ 2007ರಲ್ಲೇ ಹೇಳಿದೆ. ಆದರೆ ಜಾಮೀನಿನ ಮುಚ್ಚಳಿಕೆ ಬರೆದುಕೊಟ್ಟು ತಪ್ಪಿಸಿದವನಿಗೆ ಕೋರ್ಟು ನೇರವಾಗಿ ವಾರಂಟ್ ಹೊರಡಿಸಬಹುದು. ಇನ್ನು ಸಮನ್ಸ್ ಕಳಿಸಿದರೂ ಯಾವ ವಿಳಾಸಕ್ಕೆ? ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ಅಡಿಗಲ್ಲು ಬಿದ್ದ ಮೇಲೆ ಕಾರವಾರ-ಅಂಕೋಲಾ ಕರಾವಳಿಯ ಊರಿಗೆ ಊರೇ ಎದ್ದು ಬೇರೆ ಕಡೆ ಹೋಯಿತು. ಹೀಗೆ ಎದ್ದುಹೋದ ಮನೆಯ ವಿಳಾಸಕ್ಕೆ ಬಂದ ಕಾಗದ ಯಾರ ಕೈಗೆ ಸಿಗಬೇಕು? ಬಾಡಿಗೆ ಮನೆ ಬಿಟ್ಟು ಹೋದವರ ಗತಿಯೂ ಇದೇ. ಚೆಕ್ ಬೌನ್ಸ್ ಕೇಸಲ್ಲಂತೂ ಹಳೆ ಅಂಗಡಿಯ ವಿಳಾಸಕ್ಕೆ ಹೋದ ಸಮನ್ಸ್ ಹಾಗೇ ವಾಪಸ್ ಬರುತ್ತೆ.

ಬೇಲೆಕೇರಿ ಬಂದರಿನ ಅದಿರು ಮಾಯವಾದದ್ದು 2010ರಲ್ಲಿ. ಆ ಕೇಸಿನಲ್ಲಿ ಬೆಂಗಳೂರಿನ ವಿಶೇಷ ಕೋರ್ಟು ತೀರ್ಪು ಕೊಟ್ಟದ್ದು 2024ರ ಅಕ್ಟೋಬರಲ್ಲಿ. ಹದಿನಾಲ್ಕು ವರ್ಷ! ಅಂಥ ದೊಡ್ಡ ಕೇಸುಗಳಲ್ಲಿ ತಾರೀಖು ನೆನಪಿಡೋಕೆ ವಕೀಲರ ದಂಡೇ ಇರುತ್ತೆ. ಬೋಟಿನ ಹುಡುಗನಿಗೆ ಯಾರಿದ್ದಾರೆ?

ಹಾಗಾದರೆ ನಮ್ಮ ಹೆಸರಲ್ಲಿ ವಾರಂಟ್ ಇದೆಯೋ ಇಲ್ಲವೋ ತಿಳ್ಕೊಳ್ಳೋದು ಹೇಗೆ? ಇ-ಕೋರ್ಟ್ಸ್ ಅಂತ ಸರ್ಕಾರಿ ವೆಬ್‌ಸೈಟು, ಮೊಬೈಲ್ ಆ್ಯಪು ಎರಡೂ ಇವೆ. ಪುಕ್ಕಟೆ. ಪ್ರತಿ ಕೇಸಿಗೂ ಸಿಎನ್‌ಆರ್ ಅಂತ 16 ಅಕ್ಷರ-ಅಂಕೆಯ ಒಂದು ನಂಬರ್ ಇರುತ್ತೆ. ಅದಿದ್ದರೆ ಮುಂದಿನ ತಾರೀಖು, ಕೇಸು ಯಾವ ಹಂತದಲ್ಲಿದೆ, ಎಲ್ಲ ಬರುತ್ತೆ. ಹಂತ ಅನ್ನೋ ಕಡೆ ಎನ್‌ಬಿಡಬ್ಲ್ಯು ಅಂತ ಕಂಡರೆ ಅದೇ ಜಾಮೀನುರಹಿತ ವಾರಂಟು. ನಂಬರ್ ಇಲ್ಲದಿದ್ದರೆ ಹೆಸರು ಹಾಕಿಯೂ ಹುಡುಕಬಹುದು, ಪೊಲೀಸ್ ಠಾಣೆ ಮತ್ತು ಎಫ್‌ಐಆರ್ ನಂಬರ್ ಹಾಕಿಯೂ ಹುಡುಕಬಹುದು.

ಇಲ್ಲಿ ಎರಡು ಕಡೆ ಜನ ಎಡವ್ತಾರೆ. ಒಂದು, ಯಾವ ಕೋರ್ಟು ಅನ್ನೋದು. ಹುಡುಗ ಅಂಕೋಲೆಯವನು, ಹಾಗಾಗಿ ಅಂಕೋಲಾ ಜೆಎಂಎಫ್‌ಸಿ ಕೋರ್ಟಲ್ಲಿ ಹುಡುಕ್ತಾನೆ. ಏನೂ ಸಿಗಲ್ಲ. ಅಬ್ಬಾ ಅಂತ ನಿಟ್ಟುಸಿರು ಬಿಡ್ತಾನೆ. ಆದರೆ ಬಾಟಲಿ ಸಿಕ್ಕಿದ್ದು ಮಾಜಾಳಿಯಲ್ಲಿ, ಅದು ಕಾರವಾರ ತಾಲೂಕು, ಕೇಸು ಇರೋದು ಕಾರವಾರದ ಕೋರ್ಟಲ್ಲಿ. ನಮ್ಮ ಊರು ಯಾವುದು ಅನ್ನೋದು ಮುಖ್ಯ ಅಲ್ಲ, ಘಟನೆ ನಡೆದ ಊರು ಯಾವುದು ಅನ್ನೋದು ಮುಖ್ಯ. ಎರಡನೆಯದು ಹೆಸರು. ಅಂಕೋಲೆಯಲ್ಲಿ ಗೌಡ, ನಾಯಕ, ಹರಿಕಂತ್ರ ಅಂತ ಹಾಕಿ ನೋಡಿ, ಪಟ್ಟಿ ಮುಗಿಯಲ್ಲ. ಅದೂ ಇಂಗ್ಲಿಷಿನಲ್ಲಿ ಗುಮಾಸ್ತರು ಒಬ್ಬೊಬ್ಬರು ಒಂದೊಂದು ಥರ ಬರೆದಿರ್ತಾರೆ. ತಂದೆಯ ಹೆಸರು, ಊರು ತಾಳೆ ಆಗದೇ ಯಾವುದನ್ನೂ ನಮ್ಮದೇ ಅಂತ ತೀರ್ಮಾನ ಮಾಡಬಾರದು. ಪೊಲೀಸರಿಗೂ ಇದೇ ಮಾತು ಅನ್ವಯ ಆಗುತ್ತೆ ಅಂತ ಬೇರೆ ಹೇಳಬೇಕಾಗಿಲ್ಲ.

ಆ್ಯಪಲ್ಲಿ ಸಿಗಲಿಲ್ಲ ಅಂದ್ರೆ ಇಲ್ಲವೇ ಇಲ್ಲ ಅಂತಲ್ಲ. ಹಳೆ ಕಡತ ಇದ್ದರೆ ವಕೀಲರ ಮೂಲಕ ಕೋರ್ಟಿನ ಕ್ರಿಮಿನಲ್ ಶಾಖೆಯಲ್ಲಿ ವಿಚಾರಿಸಬೇಕು. ದುಡ್ಡಿಲ್ಲ ಅನ್ನೋರಿಗೆ ಕಾರವಾರದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ, ತಾಲೂಕು ಕೋರ್ಟಿನಲ್ಲಿ ಅದರ ಸಮಿತಿ ಇದೆ. ಹೆಂಗಸರು, ಪರಿಶಿಷ್ಟ ಜಾತಿ-ಪಂಗಡದವರು, ಕಾರ್ಖಾನೆ ಕಾರ್ಮಿಕರು, ಆದಾಯ ಕಡಿಮೆ ಇರೋರು, ಬಂಧನದಲ್ಲಿರೋರು ಇವರಿಗೆಲ್ಲ 1987ರ ಕಾಯ್ದೆ ಪ್ರಕಾರ ವಕೀಲರು ಉಚಿತ. ಫೋನ್ ನಂಬರ್ 15100. ಬರೆದಿಟ್ಕೊಳ್ಳಿ.

ವಾರಂಟ್ ಇದೆ ಅಂತ ಖಚಿತ ಆಯ್ತು. ಈಗ? ಹೆದರಿ ಮತ್ತೆ ಬೋಟು ಹತ್ತಿ ಹೋಗೋದು ಒಂದು ದಾರಿ. ಎಲ್ಲರೂ ಮಾಡೋದು ಅದನ್ನೇ, ಅದೇ ತಪ್ಪು. ತಾನಾಗೇ ಬಂದವನನ್ನ ಮತ್ತು ಹಿಡಿದು ತಂದವನನ್ನ ಕೋರ್ಟು ಒಂದೇ ಕಣ್ಣಿಂದ ನೋಡಲ್ಲ. ವಕೀಲರ ಜೊತೆ ಬೆಳಿಗ್ಗೆಯೇ, ಕಲಾಪ ಶುರುವಾಗೋ ಹೊತ್ತಿಗೆ ಹಾಜರಾಗಬೇಕು. ವಾರಂಟ್ ವಾಪಸ್ ಪಡೆಯಿರಿ ಅಂತ ಅರ್ಜಿ, ವಕೀಲರ ಬಾಯಲ್ಲಿ ರಿಕಾಲ್ ಅರ್ಜಿ. ಅದರಲ್ಲಿ ಬರದೇ ಇದ್ದದ್ದಕ್ಕೆ ಕಾರಣ ಬೇಕು, ಕಾರಣಕ್ಕೆ ಕಾಗದ ಬೇಕು. ಆಸ್ಪತ್ರೆಯ ಚೀಟಿ ಇರಬಹುದು, ಬೋಟಿನ ಮಾಲೀಕರ ಪತ್ರ ಇರಬಹುದು. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದ್ ಆಯ್ತು. ಮುಂದಿನ ತಿಂಗಳು 7ರಂದು ಕಾಳಿ ನದಿಯ ಹಳೆ ಸೇತುವೆ ಬಿತ್ತು. ಆ ದಿನಗಳಲ್ಲಿ ಗಂಗಾವಳಿ ಆಚೆಯಿಂದ ಅಂಕೋಲೆಗೆ, ಸದಾಶಿವಗಡದಿಂದ ಕಾರವಾರಕ್ಕೆ ಬರಲಾಗದೇ ತಾರೀಖು ತಪ್ಪಿದವನ ಕಾರಣ ಎಂಥ ನ್ಯಾಯಾಧೀಶರಿಗೂ ಅರ್ಥ ಆಗುತ್ತೆ. ಆದರೆ ಹೇಳಬೇಕಲ್ಲ ಸ್ವಾಮಿ? ಅವತ್ತೇ ವಕೀಲರಿಗೆ ಒಂದು ಫೋನ್ ಮಾಡಿದ್ದರೆ ಗೈರುಹಾಜರಿ ಮನ್ನಾ ಮಾಡಿ ಅಂತ ಅರ್ಜಿ ಹಾಕ್ತಿದ್ದರು, ವಾರಂಟೇ ಹುಟ್ಟದೇ ಇರಬಹುದಿತ್ತು.

ಕೋರ್ಟು ಒಪ್ಪಿದರೆ ದಂಡವೋ ಖರ್ಚೋ ಹಾಕಿ, ಹೊಸ ಮುಚ್ಚಳಿಕೆ ಬರೆಸಿಕೊಂಡು ವಾರಂಟ್ ರದ್ದು ಮಾಡುತ್ತೆ. ಒಪ್ಪಲೇಬೇಕು ಅಂತೇನಿಲ್ಲ, ಪದೇ ಪದೇ ತಪ್ಪಿಸಿದವನನ್ನ ಒಳಗೆ ಕಳಿಸಿದ್ದೂ ಇದೆ. ಆಗ ಮೇಲಿನ ಕೋರ್ಟು ಇದೆ. ಉತ್ತರ ಕನ್ನಡಕ್ಕೆ ಹೈಕೋರ್ಟು ಅಂದ್ರೆ ಧಾರವಾಡ ಪೀಠ, ಬೆಂಗಳೂರಿಗೆ ಓಡಬೇಕಾಗಿಲ್ಲ.

ಚಿಕ್ಕಪ್ಪನನ್ನ ಮರೆತೆವು. ಹುಡುಗ ಬರದಿದ್ದರೆ ಜಾಮೀನು ನಿಂತವನಿಗೆ ನೋಟಿಸು ಹೋಗುತ್ತೆ. ನೀನು ಬರೆದುಕೊಟ್ಟ ಮೊತ್ತ ಕಟ್ಟು ಅಂತ. ಕಟ್ಟದಿದ್ದರೆ ವಸೂಲಿ. ಗದ್ದೆಯ ಪಹಣಿ ಬಿಟ್ಟರೆ ಬೇರೇನೂ ಇಲ್ಲದ ಮನುಷ್ಯ, ಅಣ್ಣನ ಮಗ ಅಂತ ಸಹಿ ಹಾಕಿದ್ದು. ನನ್ನ ಪ್ರಕಾರ ಈ ಇಡೀ ವ್ಯವಹಾರದಲ್ಲಿ ಅತ್ಯಂತ ಅನ್ಯಾಯಕ್ಕೆ ಸಿಗೋನು ಇವನೇ. ಹುಡುಗನಿಗೂ ಕಷ್ಟ ತಪ್ಪಿದ್ದಲ್ಲ. ಕೋರ್ಟಿನ ವಾರಂಟ್ ಬಾಕಿ ಇದ್ದರೆ ಪಾಸ್‌ಪೋರ್ಟ್ ನಿರಾಕರಿಸಬಹುದು, ಗಲ್ಫ್ ಕನಸು ಅಲ್ಲಿಗೆ ಮುಗೀತು. ಕೈಗಾದಲ್ಲಿ, ಸೀಬರ್ಡಲ್ಲಿ ಗುತ್ತಿಗೆ ಕೆಲಸಕ್ಕೆ ಹೋದರೂ ಪೊಲೀಸ್ ವೆರಿಫಿಕೇಶನ್ ಕೇಳ್ತಾರೆ.

ಪೊಲೀಸರು ಮನೆಗೇ ಬಂದರೆ ವಾರಂಟಿನಲ್ಲಿ ಏನಿದೆ ಅಂತ ಹೇಳಬೇಕು, ಕೇಳಿದರೆ ತೋರಿಸಬೇಕು. ಜಾಮೀನು ಸಹಿತ ವಾರಂಟ್ ಆಗಿದ್ದರೆ ಎಷ್ಟು ಮೊತ್ತ, ಎಷ್ಟು ಜಾಮೀನುದಾರರು ಅಂತ ಅದರ ಮೇಲೇ ಬರೆದಿರುತ್ತೆ, ಅಷ್ಟು ಕೊಟ್ಟರೆ ಪೊಲೀಸರೇ ಬಿಡಬೇಕು. ಜಾಮೀನುರಹಿತ ಆದರೆ, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಕೋರ್ಟಿಗೆ ಹಾಜರುಪಡಿಸಬೇಕು. ಶನಿವಾರ ರಾತ್ರಿ ಹಿಡಿದರೆ ಭಾನುವಾರ ಮ್ಯಾಜಿಸ್ಟ್ರೇಟರ ಮನೆಗೆ ಕರ್ಕೊಂಡು ಹೋಗ್ತಾರೆ. ರಿಕಾಲ್ ಅರ್ಜಿ ಕೇಳೋ ಕೋರ್ಟು ತೆರೆಯೋದು ಸೋಮವಾರ. ಮಧ್ಯದ ರಾತ್ರಿ ಎಲ್ಲಿ ಕಳೀಬೇಕು ಅಂತ ನೀವೇ ಊಹಿಸಿ. ತಾನಾಗೇ ಹೋಗೋದು ವಾಸಿ ಅಂದದ್ದು ಇದಕ್ಕೇ.

ಇನ್ನೊಂದು ಎಚ್ಚರಿಕೆ. ವಾಟ್ಸ್‌ಆ್ಯಪಲ್ಲಿ ಸೀಲು ಹೊಡೆದ ವಾರಂಟ್ ಕಳಿಸಿ, ದುಡ್ಡು ಹಾಕಿದರೆ ರದ್ದು ಮಾಡಿಸ್ತೀವಿ ಅನ್ನೋ ಕಳ್ಳರು ಬಂದಿದ್ದಾರೆ. ಫೋನಲ್ಲಿ ದುಡ್ಡು ತಗೊಂಡು ವಾರಂಟ್ ರದ್ದು ಮಾಡೋ ಕೋರ್ಟು ಈ ದೇಶದಲ್ಲಿಲ್ಲ. ಡಿಜಿಟಲ್ ಅರೆಸ್ಟ್ ಅನ್ನೋದೂ ಯಾವ ಕಾನೂನಲ್ಲೂ ಇಲ್ಲ. ಸೈಬರ್ ದೂರಿನ ನಂಬರ್ 1930. ಉಪ್ಪಿನ ಸತ್ಯಾಗ್ರಹ ನಡೆದ ಇಸವಿ, ಅಂಕೋಲೆಯವರಿಗೆ ಮರೆಯೋ ಸಂಖ್ಯೆ ಅಲ್ಲ.

ವಾರಂಟ್ ರದ್ದಾಯ್ತು ಅಂತ ಖುಷಿಯಲ್ಲಿ ಮನೆಗೆ ಹೋಗಬೇಡಿ, ಒಂದು ಕೆಲಸ ಬಾಕಿ ಇದೆ. 2002ರಲ್ಲಿ ಮುಂಬೈಯ ಒಬ್ಬ ವಕೀಲರ ಮೇಲಿನ ವಾರಂಟನ್ನ ಕೋರ್ಟು ರದ್ದು ಮಾಡಿತ್ತು. ಆದರೂ ಪೊಲೀಸರು ಸ್ವಾತಂತ್ರ್ಯ ದಿನದಂದೇ ಅವರನ್ನ ಹಿಡಿದರು. ಕೇಸು ಸುಪ್ರೀಂ ಕೋರ್ಟಿನವರೆಗೆ ಹೋಯ್ತು. ವಾರಂಟಿಗೆ ನಂಬರ್ ಇರಬೇಕು, ಕೋರ್ಟಲ್ಲೂ ಠಾಣೆಯಲ್ಲೂ ರಿಜಿಸ್ಟರ್ ಇರಬೇಕು ಅಂತೆಲ್ಲ 2011ರಲ್ಲಿ ಮಾರ್ಗಸೂಚಿ ಬಂತು. ಆ ವಕೀಲರಿಗೆ ಸಿಕ್ಕ ಪರಿಹಾರ ಎಷ್ಟು ಗೊತ್ತಾ? 2,000 ರೂಪಾಯಿ. ವಕೀಲರಿಗೇ ಹೀಗಾದರೆ ಬೋಟಿನ ಹುಡುಗನ ಮಾತು ಯಾರು ಕೇಳ್ತಾರೆ? ಹಾಗಾಗಿ ರದ್ದತಿ ಆದೇಶದ ದೃಢೀಕೃತ ಪ್ರತಿ ತಗೊಳ್ಳಿ. ಒಂದನ್ನ ಕೇಸು ಹಾಕಿದ ಠಾಣೆಗೆ ಕೊಡಿ, ಅದು ಚಿತ್ತಾಕುಲ ಇರಲಿ, ಅಂಕೋಲಾ ಇರಲಿ, ಅಬಕಾರಿ ಕಚೇರಿಯೇ ಇರಲಿ, ತಲುಪಿದೆ ಅಂತ ಸಹಿ-ಸೀಲು ಹಾಕಿಸಿಕೊಳ್ಳಿ. ಇನ್ನೊಂದರ ಜೆರಾಕ್ಸ್ ಪಾಕೀಟಲ್ಲೇ ಇರಲಿ, ಮಾಜಾಳಿ ಗೇಟಲ್ಲಿ ಮತ್ತೆ ಯಾರಾದರೂ ಹೆಸರು ಕೇಳಿದರೆ ತೋರಿಸೋಕೆ.