ಕಾಂಕ್ರೀಟಿನಲ್ಲಿ ಹೆಬ್ಬೆ ಜಲಪಾತ

ಹೆಬ್ಬೆ ಜಲಪಾತದ ಒಂದು ಛಾಯಾಚಿತ್ರವನ್ನು ಕೆಮ್ಮಣ್ಣುಗುಂಡಿಯ ಗೋಡೆಯೊಂದರಲ್ಲಿ ಶಾಶ್ವತವಾಗಿ ಮೂಡಿಸಬೇಕು ಎಂದುಕೊಳ್ಳೋಣ. ಫ್ಲೆಕ್ಸ್ ಹಾಕಿದರೆ ಗಾಳಿಮಳೆಗೆ ಹರಿಯುತ್ತದೆ. ಬಣ್ಣದಲ್ಲಿ ಬರೆಸಿದರೆ ಮಲೆನಾಡಿನ ತೇವಕ್ಕೆ ಪದರ ಉಬ್ಬಿ ಚಕ್ಕೆ ಏಳುತ್ತದೆ. ಬಳಿದದ್ದು ಒಂದಲ್ಲ ಒಂದು ದಿನ ಕಳಚಿಕೊಳ್ಳುತ್ತದೆ. ಹಾಗಾಗಿ ಚಿತ್ರವನ್ನು ಮೇಲೆ ಹಚ್ಚದೆ, ಕಾಂಕ್ರೀಟನ್ನೇ ಚಿತ್ರವಾಗಿಸುವ ವಿಧಾನವೊಂದು ಬಳಕೆಗೆ ಬಂದಿದೆ.

ಮೊದಲ ತೊಡಕು ಕ್ಷಾರದ್ದು. ಸಿಮೆಂಟಿಗೆ ನೀರು ಸೇರಿದಾಗ ಸುಣ್ಣ, ಅಂದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಹುಟ್ಟುತ್ತದೆ. ಹೊಸ ಕಾಂಕ್ರೀಟಿನ ಪಿಎಚ್ 12ನ್ನು ದಾಟುತ್ತದೆ. 1842ರಲ್ಲಿ ಜಾನ್ ಹರ್ಷೆಲ್ ಕಂಡುಹಿಡಿದ ಸಯನೋಟೈಪ್ ಎಂಬ ನೀಲಿ ಛಾಯಾಮುದ್ರಣ ಕಾಗದದ ಮೇಲೆ ಸೊಗಸಾಗಿ ನಿಲ್ಲುತ್ತದೆ. ಅದೇ ನೀಲಿಗೆ ಸಿಮೆಂಟಿನ ಕ್ಷಾರ ತಾಗಿದರೆ ಒಡೆದು ತುಕ್ಕಿನ ಬಣ್ಣಕ್ಕೆ ತಿರುಗುತ್ತದೆ. ಕ್ಷಾರಕ್ಕೂ ಬಿಸಿಲಿಗೂ ಜಗ್ಗದ ಬಣ್ಣ ಬೇಕೆಂದರೆ ಕಬ್ಬಿಣದ ಆಕ್ಸೈಡ್ ಇದೆ. ಕೆಮ್ಮಣ್ಣುಗುಂಡಿಯ ಮಣ್ಣನ್ನು ಕೆಂಪಾಗಿಸಿರುವುದು ಅದೇ. ಹಿಂದೆ ಇಲ್ಲಿಂದ ಭದ್ರಾವತಿಯ ಕುಲುಮೆಗೆ ಹೋಗುತ್ತಿದ್ದ ಅದಿರಿನಲ್ಲಿದ್ದದ್ದೂ ಅದೇ. ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲ ಇಂದಿಗೂ ಕೆಂಪಾಗಿ ಹೊಳೆಯುವುದು ಈ ಗುಣದಿಂದ. ಆದರೆ ಆಕ್ಸೈಡ್ ಕೊಡುವುದು ಒಂದೇ ಸಮನಾದ ಹಿನ್ನೆಲೆಯನ್ನು. ಛಾಯಾಚಿತ್ರದ ಬೆಳಕು-ನೆರಳು ಬೇರೆಡೆಯಿಂದ ಬರಬೇಕು.

ಅದನ್ನು ಕೊಡುವುದು ಸಕ್ಕರೆಯ ಗುಣದ ರಾಸಾಯನಿಕಗಳು. ಸಕ್ಕರೆ ಬಿದ್ದ ಕಾಂಕ್ರೀಟ್ ಹೊತ್ತಿಗೆ ಸರಿಯಾಗಿ ಸೆಟ್ ಆಗುವುದಿಲ್ಲ. ಸಕ್ಕರೆಯ ಅಣುಗಳು ಸಿಮೆಂಟಿನ ಕಣಗಳಿಗೆ ಅಂಟಿಕೊಂಡು, ನೀರಿನೊಡನೆ ನಡೆಯಬೇಕಾದ ಕ್ರಿಯೆಯನ್ನು ತಡೆಹಿಡಿಯುತ್ತವೆ. ಹೀಗೆ ತಡಮಾಡಿಸುವ ವಸ್ತುಗಳಿಗೆ ರಿಟಾರ್ಡರ್ ಎನ್ನುತ್ತಾರೆ. ನಮ್ಮ ಚಿತ್ರಕ್ಕೆ ಶಾಯಿ ಇದೇ.

ಕಂಪ್ಯೂಟರ್ ಮೊದಲು ಜಲಪಾತದ ಚಿತ್ರವನ್ನು ಪತ್ರಿಕೆಯ ಫೋಟೊದಲ್ಲಿರುವಂತೆ ಚುಕ್ಕೆಗಳಾಗಿ ಒಡೆಯುತ್ತದೆ. ಬಂಡೆಯ ನೆರಳಿದ್ದಲ್ಲಿ ಚುಕ್ಕೆ ದಪ್ಪ. ನೊರೆಯಿದ್ದಲ್ಲಿ ಸಣ್ಣದು, ಇಲ್ಲವೇ ಖಾಲಿ. ಈ ಚುಕ್ಕೆಗಳನ್ನು ಎಡ-ಬಲ ತಿರುಗಿಸಿ, ಪ್ಲಾಸ್ಟಿಕ್ ಹಾಳೆಯ ಮೇಲೆ ರಿಟಾರ್ಡರಿನಲ್ಲಿ ಮುದ್ರಿಸಿ, ಅಚ್ಚಿನ ತಳದಲ್ಲಿ ಹಾಸುತ್ತಾರೆ. ಅದರ ಮೇಲೆ ಕಾಂಕ್ರೀಟ್ ಸುರಿಯುತ್ತಾರೆ. ಮರುದಿನ ಅಚ್ಚು ಬಿಚ್ಚಿ ನೀರನ್ನು ರಭಸವಾಗಿ ಹಾಯಿಸಿದರೆ, ಚುಕ್ಕೆ ತಾಗಿದ ಕಡೆಯ ಗಟ್ಟಿಯಾಗದ ಸಿಮೆಂಟ್ ಮಾತ್ರ ತೊಳೆದುಹೋಗುತ್ತದೆ. ಅಲ್ಲಿ ಕಪ್ಪು ಕಲ್ಲಿನ ಚೂರು ಇಣುಕುತ್ತದೆ, ಉಳಿದೆಡೆ ನಯವಾದ ಬಿಳಿ ಸಿಮೆಂಟ್ ನಿಲ್ಲುತ್ತದೆ. ತೊಳೆದ ಜಾಗ ತರಿತರಿಯಾಗಿರುವುದರಿಂದ ಅದರ ಸಣ್ಣ ನೆರಳುಗಳೂ ಸೇರಿ ಕಪ್ಪು ಗಾಢವಾಗುತ್ತದೆ. ಹತ್ತಿರ ನಿಂತವರಿಗೆ ಕಾಣುವುದು ಬರೀ ಚುಕ್ಕೆ. ದೂರ ಸರಿದಂತೆ ಬಂಡೆ, ನೀರು, ಮರ ಒಂದೊಂದಾಗಿ ಕೂಡಿಕೊಳ್ಳುತ್ತವೆ. ಕಲ್ಲಿನ ಚೂರಿಗಿಂತ ಸಣ್ಣ ವಿವರ ಮೂಡದು. ಆದ್ದರಿಂದ ದಪ್ಪ ಜಲ್ಲಿ ಇಲ್ಲಿ ನಡೆಯುವುದಿಲ್ಲ.

ಜರ್ಮನಿಯ ಎಬರ್ಸ್‌ವಾಲ್ಡೆಯಲ್ಲಿ 1999ರಲ್ಲಿ ಮುಗಿದ ಗ್ರಂಥಾಲಯ ಈ ವಿಧಾನಕ್ಕೆ ಹೆಸರು ತಂದಿತು. ವಾಸ್ತುಶಿಲ್ಪಿಗಳಾದ ಹೆರ್ಟ್ಸೋಗ್ ಮತ್ತು ಡಿ ಮ್ಯೂರಾನ್, ಛಾಯಾಗ್ರಾಹಕ ಥಾಮಸ್ ರುಫ್ ಆರಿಸಿಕೊಟ್ಟ ಪತ್ರಿಕಾ ಚಿತ್ರಗಳನ್ನು ಕಟ್ಟಡದ ಹೊರಮೈಯ ತುಂಬ ಸಾಲುಸಾಲಾಗಿ ಮೂಡಿಸಿದರು. ಫಿನ್ಲೆಂಡಿನ ವಿನ್ಯಾಸಕಾರ ಸಮುಲಿ ನಾಮಂಕಾ ರಿಟಾರ್ಡರ್ ಮುದ್ರಿತ ಹಾಳೆಯ ವಿಧಾನವನ್ನು ರೂಪಿಸಿದರು.

ನಮ್ಮ ಮಳೆನಾಡಿನಲ್ಲಿ ಇದಕ್ಕೆ ಆರೈಕೆಯೂ ಬೇಕು. ತರಿಯಾದ ಭಾಗದಲ್ಲಿ ನೀರು, ಧೂಳು ನಿಂತು ಪಾಚಿ ಬೇಗ ಹಿಡಿಯುತ್ತದೆ. ಮೇಲೊಂದು ಸಜ್ಜಾ ಇರಬೇಕು, ವರ್ಷಕ್ಕೊಮ್ಮೆ ಮೆತ್ತನೆಯ ಬ್ರಷ್ಷಿನಿಂದ ತೊಳೆಯಬೇಕು. ಆಸಿಡ್ ಮಾತ್ರ ಕೂಡದು. ಅದು ನಯವಾದ ಸಿಮೆಂಟಿನ ಮೇಲ್ಪದರವನ್ನೇ ತಿಂದು, ಚಿತ್ರದ ಬಿಳಿ-ಕಪ್ಪಿನ ಅಂತರವನ್ನು ಅಳಿಸಿಬಿಡುತ್ತದೆ.

ಕಾಂಕ್ರೀಟಿನ ಅಚ್ಚು ಹಾಕುವವರೂ ಸ್ಕ್ರೀನ್ ಪ್ರಿಂಟಿಂಗ್ ಮಾಡುವವರೂ ನಮ್ಮ ಊರುಗಳಲ್ಲಿ ಇದ್ದಾರೆ. ಈ ಎರಡು ಕಸುಬು ಒಂದೆಡೆ ಕೂಡಿದರೆ ಕಡೂರು, ತರೀಕೆರೆ, ಅಜ್ಜಂಪುರದ ಶಾಲೆಗಳ ಗೋಡೆಗಳು ಮಕ್ಕಳಿಗೆ ತಮ್ಮದೇ ಸೀಮೆಯ ಕಾಡು, ಕೆರೆ, ಜಲಪಾತಗಳನ್ನು ತೋರಿಸಬಲ್ಲವು. ಆರಂಭಕ್ಕೆ ಎರಡಡಿ ಉದ್ದಗಲದ ಒಂದು ಹಲಗೆ ಎರಕ ಹೊಯ್ದು ನೋಡಿದರೂ ಸಾಕು.